ಪಟ್ಟಿಯಲ್ಲಿ ಅರ್ಧ ಹೊಡೆದುಹಾಕು, ಮಗಳೇ

ನೀನು ಕಳಿಸಿದ ಪ್ರವಾಸದ ಪಟ್ಟಿ ನೋಡಿದೆ. ಎರಡೇ ವಾರದಲ್ಲಿ ದಕ್ಷಿಣ ಆಫ್ರಿಕಾದ ಕ್ರೂಗರ್, ಬೋಟ್ಸ್ವಾನಾದ ಚೋಬೆ, ವಿಕ್ಟೋರಿಯಾ ಜಲಪಾತ, ಒಕವಾಂಗೊ, ಕೊನೆಗೆ ನಮೀಬಿಯಾದ ಎಟೋಶಾ! ಹೀಗೆ ಹೋದರೆ ಪ್ರಾಣಿಗಳಿಗಿಂತ ವಿಮಾನ ನಿಲ್ದಾಣಗಳನ್ನೇ ಹೆಚ್ಚು ನೋಡಿಕೊಂಡು ಬರುತ್ತೀರಿ. ನನ್ನ ಮಾತು ಕೇಳುವುದಾದರೆ ಕ್ರೂಗರ್, ಚೋಬೆ ಎರಡನ್ನೇ ಇಟ್ಟುಕೊ. ಚೋಬೆಯ ಕಸಾನೆ ಊರಿನಿಂದ ಜಲಪಾತ ಹತ್ತಿರವೇ, ಅಲ್ಲಿಂದಲೇ ಹೋಗಿ ಬರಬಹುದು. ಉಳಿದದ್ದು ಇನ್ನೊಂದು ಸಲಕ್ಕಿರಲಿ.

ಹೆಚ್ಚು ದಿನ ಕ್ರೂಗರ್‌ಗೇ ಕೊಡು ಅನ್ನುವುದಕ್ಕೆ ಕಾರಣ ಇದೆ. ನಾಗರಹೊಳೆಯಲ್ಲಿ ಅರಣ್ಯ ಇಲಾಖೆಯ ಬಸ್ಸು ಹೊರಟಾಗ ಹೊರಡಬೇಕು, ತಿರುಗಿದಾಗ ತಿರುಗಬೇಕು. ಕ್ರೂಗರ್‌ನಲ್ಲಿ ಬಾಡಿಗೆ ಕಾರು ತೆಗೆದುಕೊಂಡು ನೀವೇ ಓಡಿಸಬಹುದು. ನಮ್ಮ ಹಾಗೆ ಅವರದ್ದೂ ರಸ್ತೆಯ ಎಡಬದಿ, ಅಳಿಯಂದಿರಿಗೆ ಕಷ್ಟವಾಗದು. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲಿಂದಲೇ ಮಾಡಿಸಿಕೊಳ್ಳಲಿ. ಡಾಂಬರು ರಸ್ತೆಯಲ್ಲಿ 50, ಮಣ್ಣಿನ ದಾರಿಯಲ್ಲಿ 40 ಕಿ.ಮೀ. ವೇಗದ ಮಿತಿ. ನನ್ನನ್ನು ಕೇಳಿದರೆ 25 ಸಾಕು. ಆ ಕಾಡು ಉತ್ತರದಿಂದ ದಕ್ಷಿಣಕ್ಕೆ ಸುಮಾರು 360 ಕಿ.ಮೀ. ಉದ್ದ, ಪೂರ್ತಿ ನೋಡುವ ಹಟ ಬಿಟ್ಟು ಲೋಯರ್ ಸಾಬಿ, ಸತಾರಾ ಎರಡು ಕ್ಯಾಂಪುಗಳಲ್ಲೇ ಉಳಿದುಕೊಳ್ಳಿ.

ಲೋಯರ್ ಸಾಬಿಯ ಬಾಗಿಲಾಚೆ ಸನ್‌ಸೆಟ್ ಡ್ಯಾಮ್ ಅಂತ ಒಂದು ಕೆರೆ. ನೀರಿನ ಅಂಚಿನವರೆಗೂ ಕಾರು ಹೋಗುತ್ತದೆ. ಎಂಜಿನ್ ಆರಿಸಿ, ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡು ಒಂದೆರಡು ಗಂಟೆ ಸುಮ್ಮನೆ ಕೂತುಬಿಡಿ. ಮೊದಲ ಹತ್ತು ನಿಮಿಷ ನೀರಾನೆಯ ಬೆನ್ನು, ದಂಡೆಯ ಮೇಲೆ ಮೊಸಳೆ, ಅಷ್ಟೇ. ಬಹಳ ಜನ ಅಷ್ಟಕ್ಕೇ ಹೊರಟುಬಿಡುತ್ತಾರೆ. ಕೂತವರಿಗೆ ಇಂಪಾಲಾ ಹಿಂಡು ನೀರಿಗೆ ಬರಲು ಹೇಗೆ ಹೆದರುತ್ತದೆ, ಯಾವುದು ಮೊದಲು ಕಾಲಿಡುತ್ತದೆ, ಒಂದು ಬೆಚ್ಚಿದರೆ ಉಳಿದವೆಲ್ಲ ಹೇಗೆ ಚಿಮ್ಮುತ್ತವೆ ಅನ್ನುವುದು ಕಾಣುತ್ತದೆ. ಅಂದಹಾಗೆ ಅಲ್ಲಿ ನಮ್ಮ ಜಿಂಕೆಗಳ ಜಾತಿಯೇ ಇಲ್ಲ. ಇಂಪಾಲಾ, ಕುಡು ಎಲ್ಲ ಕೃಷ್ಣಮೃಗದ ಬಳಗ, ಕೊಂಬು ಉದುರಿಸುವುದಿಲ್ಲ.

‘ಬಿಗ್ ಫೈವ್’ ಪಟ್ಟಿ ಹಿಡಿದು ಓಡಾಡಬೇಡಿ. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ: ಕಾಲ್ನಡಿಗೆಯಲ್ಲಿ ಹೋಗಿ ಹೊಡೆಯಲು ಕಷ್ಟವಾದವು ಅಂತ ಹಿಂದಿನ ಬೇಟೆಗಾರರು ಮಾಡಿಕೊಂಡ ಲೆಕ್ಕ ಅದು. ನಿನಗೂ ಅದಕ್ಕೂ ಏನು ಸಂಬಂಧ? ಜಿರಾಫೆ ಮುಂಗಾಲು ಅಗಲಿಸಿ ಬಗ್ಗಿ ನೀರು ಕುಡಿಯುವುದನ್ನು ನೋಡಿದರೆ ನಿಮ್ಮ ಪುಟ್ಟ ವರ್ಷಗಟ್ಟಲೆ ಅದನ್ನೇ ಆಡಿ ತೋರಿಸುತ್ತಾನೆ.

ಆನೆಯ ವಿಷಯದಲ್ಲಿ ಮಾತ್ರ ಕಬಿನಿಯ ಅನುಭವ ಸಾಕು ಅಂದುಕೊಳ್ಳಬೇಡ. ನಮ್ಮಲ್ಲಿ ಕೆನ್ನೆಯಿಂದ ರಸ ಇಳಿದರೆ ಸಲಗ ಮದದಲ್ಲಿದೆ ಅನ್ನುತ್ತೇವೆ. ಅಲ್ಲಿ ಗಾಬರಿಯಾದರೆ ಹೆಣ್ಣಾನೆಗೂ ಹಾಗೆ ಇಳಿಯುತ್ತದೆ, ಹೆಣ್ಣಿಗೂ ದಂತ ಇರುತ್ತದೆ. ಮರಿಯಿರುವ ಹಿಂಡು ದಾರಿ ದಾಟುವಾಗ ದೂರದಲ್ಲೇ ನಿಲ್ಲಿ, ಹಿಂದಕ್ಕೆ ಹೋಗಲು ಜಾಗ ಇಟ್ಟುಕೊಳ್ಳಿ, ಹಾರ್ನ್ ಮುಟ್ಟಬೇಡಿ. ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವ ಹಾಗಿಲ್ಲ. ಫೋಟೋಕ್ಕೆ ಅಂತ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚುವುದೂ ಬೇಡ. ಘೇಂಡಾಮೃಗ ಕಂಡರೆ ಕಣ್ತುಂಬ ನೋಡಿ, ಆದರೆ ಕಂಡ ಜಾಗವನ್ನು ಫೋನಿನಲ್ಲಿ ಹಂಚಬೇಡಿ. ಕೊಂಬಿನ ಆಸೆಗೆ ಕೊಲ್ಲುವವರು ಅದನ್ನೇ ಕಾಯುತ್ತಿರುತ್ತಾರೆ.

ಹೋಗುವುದು ಆಗಸ್ಟಿನಲ್ಲಿರಲಿ. ಆಗ ಅಲ್ಲಿ ಮಳೆಯಿಲ್ಲದ ಚಳಿಗಾಲ. ಹುಲ್ಲು ಒಣಗಿ ಬಿದ್ದಿರುತ್ತದೆ, ಹೊಂಡಗಳು ಬತ್ತಿ ಪ್ರಾಣಿಗಳೆಲ್ಲ ಉಳಿದ ನೀರಿನ ಹತ್ತಿರ ಸೇರುತ್ತವೆ. ಅದಕ್ಕೆ ಮೊದಲು, ಜೂನ್-ಜುಲೈನಲ್ಲಿ ಅಲ್ಲಿಯ ಶಾಲೆಗಳಿಗೆ ರಜೆ, ಕೊಠಡಿ ಸಿಗುವುದೇ ಕಷ್ಟ. ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ತೆಳು ಬಟ್ಟೆ ತುಂಬಬೇಡ. ಬೆಳಗಿನ ಜಾವದ ತೆರೆದ ಜೀಪಿನಲ್ಲಿ ಮಂಗನ ಟೋಪಿಯೂ ಕಡಿಮೆಯೇ. ಎರಡೂ ಕಾಡು ಮಲೇರಿಯಾದ ಸೀಮೆ. ಚಳಿಗಾಲದಲ್ಲಿ ಭಯ ಕಡಿಮೆ, ಆದರೂ ಪುಟ್ಟನ ತೂಕಕ್ಕೆ ಯಾವ ಮಾತ್ರೆ ಅಂತ ವೈದ್ಯರನ್ನು ಕೇಳು. ಅವನ ಜನನ ಪ್ರಮಾಣಪತ್ರ ಕೈಚೀಲದಲ್ಲೇ ಇರಲಿ. ಕ್ರೂಗರ್‌ನವರ ರಾತ್ರಿ ಸಫಾರಿಗೆ ಆರು ವರ್ಷದೊಳಗಿನ ಮಕ್ಕಳನ್ನು ಸೇರಿಸುವುದಿಲ್ಲ, ಅದನ್ನು ಮೊದಲೇ ಅವನಿಗೆ ಹೇಳಿಬಿಡು. ಬಾಗಿಲಲ್ಲಿ ಅಳುವುದು ತಪ್ಪುತ್ತದೆ.

ಊಟದ ಚಿಂತೆ ಬೇಡ. ಕ್ಯಾಂಪಿನ ಗುಡಿಸಲುಗಳಲ್ಲಿ ಹಲವಕ್ಕೆ ಅಡುಗೆಗೆ ಒಲೆ, ಪಾತ್ರೆ ಇರುತ್ತವೆ. ಅಂಥದ್ದನ್ನೇ ಕೇಳಿ ಹಿಡಿ. ತಲೆಮಾರುಗಳ ಹಿಂದೆ ಹೋಗಿ ನೆಲೆಸಿದ ಭಾರತೀಯರು ದಕ್ಷಿಣ ಆಫ್ರಿಕಾದಲ್ಲಿ ಬಹಳ, ಬೇಳೆ, ಮಸಾಲೆ ಪಟ್ಟಣದ ಅಂಗಡಿಗಳಲ್ಲಿ ಸಿಗುತ್ತವೆ. ಇಲ್ಲಿಂದ ಪುಳಿಯೋಗರೆ ಗೊಜ್ಜು ಒಂದು ಡಬ್ಬಿ ಸಾಕು.

ಚೋಬೆಯಲ್ಲಿ ಜೀಪಿಗಿಂತ ಮಧ್ಯಾಹ್ನದ ದೋಣಿಗೆ ದುಡ್ಡು ಹಾಕು. ಸೆಡುಡು ದ್ವೀಪದ ಹುಲ್ಲಿಗಾಗಿ ಆನೆಗಳು ಸೊಂಡಿಲು ಮೇಲೆತ್ತಿಕೊಂಡು ಹೊಳೆಯಲ್ಲಿ ಈಜುತ್ತವೆ. ಆ ದ್ವೀಪಕ್ಕಾಗಿ ಬೋಟ್ಸ್ವಾನಾ, ನಮೀಬಿಯಾ ಹೇಗ್‌ನ ನ್ಯಾಯಾಲಯದವರೆಗೂ ಹೋಗಿದ್ದವು. 1999ರಲ್ಲಿ ತೀರ್ಪು ಬೋಟ್ಸ್ವಾನಾದ ಕಡೆ ಆಯಿತು. ಆನೆಗಳಿಗೆ ಗಡಿಯ ಗೊಡವೆಯಿಲ್ಲ.

ಕ್ರೂಗರ್‌ನ ಕೊಠಡಿಗಳು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ. ಅಳಿಯಂದಿರಿಗೆ ಎಟೋಶಾ ಬಿಡಲು ಮನಸ್ಸು ಬಾರದಿದ್ದರೆ ನನಗೆ ಫೋನ್ ಮಾಡಲಿ, ನಾನೇ ಮಾತಾಡುತ್ತೇನೆ. ಅಷ್ಟರಲ್ಲಿ ನೀನು ಲೋಯರ್ ಸಾಬಿಯ ಕೊಠಡಿ ಹಿಡಿದಿರು.