ಅವರೆಕಾಯಿ ಬಿಡಿಸುವಷ್ಟು ಹೊತ್ತು

ಬೆಳ್ಳೂರು,
ಧನುರ್ಮಾಸ

ಮಗನೇ,

ನೀನು ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದ್ದನ್ನ ಕೇಳಿದೆ. ಮಗು ಏಳೋ ಹೊತ್ತಿಗೆ ನೀನು ಹೊರಟಿರ್ತೀಯ, ಬರೋ ಹೊತ್ತಿಗೆ ಅವಳು ಮಲಗಿರ್ತಾಳೆ, ಅದಕ್ಕೇ ಭಾನುವಾರ ಪೂರ್ತಿ ಅವಳಿಗೇ ಅಂತ ಎತ್ತಿಟ್ಟಿದೀಯ. ಆದ್ರೆ ಭಾನುವಾರ ಮಾಲ್‌ಗೆ ಕರ್ಕೊಂಡು ಹೋದ್ರೂ ಅಳ್ತಾಳೆ, ಆಟದ ಸಾಮಾನು ಕೊಡಿಸಿದ್ರೂ ಅಮ್ಮನೇ ಬೇಕು ಅಂತಾಳೆ. 'ನಾನು ಎಲ್ಲಿ ತಪ್ತಾ ಇದೀನಿ ದೊಡ್ಡಮ್ಮ?' ಅಂತ ಕೇಳಿದೀಯ. ಫೋನಲ್ಲೇ ಹೇಳಬಹುದಿತ್ತು. ನಾನು ಬಾಯಿ ತೆಗೆಯೋಷ್ಟರಲ್ಲಿ ನಿಂಗೆ ಇನ್ನೊಂದು ಕಾಲ್ ಬಂದಿರುತ್ತೆ. ಕಾಗದಕ್ಕೆ ಆ ಕಾಟ ಇಲ್ಲ.

ಮೊದಲು ನಿನ್ನ ಭಾನುವಾರದ ವಿಷಯ. ಮೂರು ವರ್ಷದ ಮಗುವಿಗೆ ವಾರ ಅಂದ್ರೇನು ಗೊತ್ತಿಲ್ಲ ಕಣೋ. ಅಂಗನವಾಡಿಯಲ್ಲಿ ಅಂಥವರ ನಡುವೆಯೇ ನನ್ನ ಆಯುಸ್ಸು ಕಳೆದದ್ದು, ಅದಕ್ಕೇ ಧೈರ್ಯವಾಗಿ ಹೇಳ್ತೀನಿ. ಅವರಿಗೆ ಆಗಿಹೋದದ್ದೆಲ್ಲ ನಿನ್ನೆ, ಆಗಬೇಕಾದದ್ದೆಲ್ಲ ನಾಳೆ. ಹೋದ ಯುಗಾದಿಗೆ ಹೊಲಿಸಿದ ಲಂಗವೂ 'ನಿನ್ನೆ' ತಂದದ್ದೇ. ಅಂಥ ಮಗುವಿನ ಮುಂದೆ ನೀನು ಆರು ದಿನದ ಸಾಲವನ್ನ ಏಳನೇ ದಿನ ಬಡ್ಡಿ ಸಮೇತ ತೀರಿಸೋಕೆ ಕೂತ್ರೆ ಅದಕ್ಕೆ ಗಾಬರಿ ಆಗದೆ ಇನ್ನೇನಾಗುತ್ತೆ? ಈ ಸಾಲದ ಲೆಕ್ಕ ಇರೋದು ನಿನ್ನ ತಲೆಯಲ್ಲಿ ಮಾತ್ರ.

ಅಂಗನವಾಡಿ ಅಂದೆನಲ್ಲ, ನಮ್ಮ ದೇಶದಲ್ಲಿ ಅದು ಶುರುವಾದದ್ದು 1975ರ ಅಕ್ಟೋಬರ್ 2ರಂದು, ನಮ್ಮ ರಾಜ್ಯದಲ್ಲಿ ಮೊದಲು ತಿ. ನರಸೀಪುರದಲ್ಲಿ. ನಾನು ಸೇರೋ ಹೊತ್ತಿಗೆ ಹಳ್ಳಿಹಳ್ಳಿಗೂ ಬಂದಿತ್ತು. ತೂಕ ಮಾಡಬೇಕು, ಚಾರ್ಟಿನಲ್ಲಿ ಗೆರೆ ಎಳೀಬೇಕು, ಚುಚ್ಚುಮದ್ದಿನ ದಿನ ಎಲ್ಲರನ್ನೂ ಹಿಡಿದು ಕೂರಿಸಬೇಕು. ಮೇಲಿನವರು ಕೇಳೋದು ರಿಜಿಸ್ಟರ್, ಮಕ್ಕಳು ಕೇಳೋದು ಬೇರೆ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯದ ಹಾಲು ಬಂತಲ್ಲ, ಒಂದು ಮಗುವಿಗೆ 150 ಮಿಲಿ. ದೊಡ್ಡವರಿಗೆ ಅದು ನಾಲ್ಕು ಗುಟುಕು. ನಮ್ಮಲ್ಲೊಬ್ಬ ಹುಡುಗ ಇದ್ದ. ಪುಡಿ ಕದಡಿದಾಗ ಬರೋ ನೊರೆಯ ಗುಳ್ಳೆ ಒಂದೊಂದೇ ಒಡೆಯೋದನ್ನ ನೋಡ್ತಾ ಕೂತುಬಿಡೋನು. ಬೇಗ ಕುಡಿಯೋ ಅಂತ ಆಯಾ ಗದರಿದ ದಿನ ಅರ್ಧ ಲೋಟ ಚಾಪೆ ಮೇಲೆ. ಪಕ್ಕದಲ್ಲಿ ಕೂತು 'ಇನ್ನೂ ಎಷ್ಟು ಉಳಿದಾವೋ?' ಅಂತ ಕೇಳಿದ ದಿನ ಖಾಲಿ ಲೋಟ ತಲೆ ಮೇಲೆ ಬೋರಲು ಹಾಕ್ಕೊಂಡು ಕುಣಿಯೋನು. ಇದಕ್ಕೆ ಹಿಡೀತಿದ್ದದ್ದು ಹೆಚ್ಚಂದ್ರೆ ಐದು ನಿಮಿಷ. ನಿಧಾನ ಅಂದ್ರೆ ಗಂಟೆಗಟ್ಟಲೆ ಅಂತ ನೀವೆಲ್ಲ ಯಾಕೆ ಹೆದರ್ತೀರೋ!

ಕಳೆದ ಸಲ ಬಂದಾಗ ರಂಗನತಿಟ್ಟಿಗೆ ಹೋದ್ವಲ್ಲ, ಅದನ್ನೇ ತಗೋ. (ನಿನ್ನ ಆಫೀಸಿನವರು 'ಬೆಳ್ಳೂರಿನಲ್ಲೇ ಕೊಕ್ಕರೆ ಇವೆಯಲ್ಲ, ಅಷ್ಟು ದೂರ ಯಾಕೆ?' ಅಂದ್ರಂತೆ. ಅದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು, ನಮ್ಮದು ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಅಂತ ಇನ್ನೊಂದು ಸಲ ಹೇಳು.) ನಾಗಮಂಗಲ, ಪಾಂಡವಪುರ ದಾಟಿ ಶ್ರೀರಂಗಪಟ್ಟಣ ಮುಟ್ಟೋವರೆಗೂ ನಿನ್ನ ಬಾಯಲ್ಲಿ ಒಂದೇ ಮಾತು: ತಡ ಆದ್ರೆ ದೋಣಿಗೆ ಸಾಲು ಬೆಳೆಯುತ್ತೆ. ದೋಣಿ ಹತ್ತೋ ಜಾಗದಲ್ಲಿ ಯಾರೋ ಚೆಲ್ಲಿದ ಕಡ್ಲೆಪುರಿ ಬಿದ್ದಿತ್ತು. ಒಂದು ಪುರಿ ಹೊತ್ಕೊಂಡು ಇರುವೆಗಳು ಕಲ್ಲಿನ ಸಂದಿಗೆ ಹೊರಟಿದ್ವು. ನಿನ್ನ ಮಗಳು ಕುಕ್ಕರಗಾಲಲ್ಲಿ ಕೂತ್ಲು. ಪುರಿ ಸಂದಿಯೊಳಗೆ ಹೋಗ್ತಿಲ್ಲ, ಇರುವೆಗಳು ತಿರುಗಿಸಿ ತಿರುಗಿಸಿ ನೋಡ್ತಿವೆ, ಇವಳು ಉಸಿರು ಬಿಗಿ ಹಿಡಿದಿದಾಳೆ. ಅಷ್ಟರಲ್ಲಿ ನಮ್ಮ ಸರದಿ ಬಂತು, ನೀನು ಎತ್ಕೊಂಡು ಹೊರಟೆ. ದೋಣಿಯಲ್ಲಿ ಪೂರ್ತಿ ಅತ್ಲು. ಬಂಡೆ ಮೇಲೆ ಮೊಸಳೆ ಬಾಯಿ ತೆರ್ಕೊಂಡು ಮಲಗಿದ್ರೆ ನೀನು ಅವಳ ಗಲ್ಲ ಹಿಡಿದು ಆ ಕಡೆ ತಿರುಗಿಸ್ತೀಯ, ಅವಳು ಕಣ್ಣು ಮುಚ್ಕೊಂಡಿದಾಳೆ! ಟಿಕೆಟ್ಟಿಗೆ ದುಡ್ಡು ಕೊಟ್ಟವನ ಸಂಕಟ ನಂಗೂ ಅರ್ಥ ಆಗುತ್ತೆ. ಆದ್ರೂ ಯೋಚನೆ ಮಾಡು, ಸಲೀಂ ಅಲಿ ಅಲ್ಲಿನ ಗೂಡುಗಳನ್ನ ಕಂಡು ಮೈಸೂರು ಅರಸರಿಗೆ ಹೇಳಿದ್ದರಿಂದ ಅದು 1940ರಲ್ಲಿ ಪಕ್ಷಿಧಾಮ ಆಯ್ತು. ಆ ಜಾಗ ಉಳಿದದ್ದೇ ಒಬ್ಬರು ನಿಂತು ನೋಡಿದ್ದರಿಂದ. ನಮ್ಮ ಪೈಕಿ ಅವತ್ತು ಅಲ್ಲಿ ಸರಿಯಾಗಿ ನೋಡ್ತಾ ಇದ್ದದ್ದು ನಿನ್ನ ಮಗಳೊಬ್ಬಳೇ. ಒಂದು ದೋಣಿ ಬಿಟ್ಟು ಇನ್ನೊಂದಕ್ಕೆ ಹೋಗಬಹುದಿತ್ತು ಮಗ.

'ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಅಂತ ಈಗ ಶುರು ಮಾಡ್ತಾಳೆ' ಅಂತ ನಗ್ತಾ ಇರ್ತೀಯ. ಮಾಡಲ್ಲ. ನಮ್ಮವ್ವ, ಅಂದ್ರೆ ನಿನ್ನಜ್ಜಿ, ಹೊಂಗೆ ಮರಕ್ಕೆ ಸೀರೆಯಲ್ಲಿ ಜೋಲಿ ಕಟ್ಟಿ ನಿಮ್ಮಮ್ಮನನ್ನ ಮಲಗಿಸಿ ರಾಗಿ ಹೊಲದಲ್ಲಿ ಕಳೆ ಕೀಳೋಳು. ನಿಮ್ಮಮ್ಮ ಅತ್ತೂ ಅತ್ತೂ ತಾನೇ ಸುಮ್ಮನಾಗಬೇಕು. ಅಪ್ಪ ಆದೋನು ಹಿರಿಯರೆದುರು ತನ್ನ ಮಗುನ ಎತ್ಕೊಂಡ್ರೆ ಅದು ನಾಚಿಕೆಗೇಡು. ನನ್ನ ಅಪ್ಪ ನನ್ನ ಜೊತೆ ಮಾತಾಡಿದ್ದು ನಾನು ಶಾಲೆಗೆ ಸೇರಿದ ಮೇಲೇ ಇರಬೇಕು. ಆಗ ಎಲ್ಲರೂ ಮಕ್ಕಳ ಜೊತೆ ನಿಧಾನವಾಗಿ ಇದ್ರು ಅನ್ನೋದು ಸಿನಿಮಾದವರ ಮಾತು, ನಂಬಬೇಡ.

ಆದ್ರೆ ಒಂದಿತ್ತು. ಕೆಲಸ ಎಲ್ಲ ನಮ್ಮ ಕಣ್ಣೆದುರೇ ನಡೀತಿತ್ತು. ಬೀಸೋ ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ನಾವೂ ಹಾಕ್ತಿದ್ವಿ, ಕೈ ಅಡ್ಡ ತರಬೇಡ ಅಂತ ಬೈಸಿಕೊಳ್ತಿದ್ವಿ, ಮತ್ತೆ ಹಾಕ್ತಿದ್ವಿ. ನಿನ್ನ ಕೆಲಸ ನಿನ್ನ ಮಗಳಿಗೆ ಕಾಣೋದೇ ಇಲ್ಲ, ಲ್ಯಾಪ್‌ಟಾಪಿನ ಬೆನ್ನು ಮಾತ್ರ ಕಾಣುತ್ತೆ. ಮನೆಗೆಲಸವನ್ನೂ ಅವಳು ಮಲಗಿದಾಗಲೇ ಮುಗಿಸಿಬಿಡ್ತೀರಿ, ಎದ್ದಾಗ ಆಟ. ಹಾಗಾದ್ರೆ ನಿನ್ನ ಜೊತೆ ಸೇರಿ ಮಾಡೋಕೆ ಅವಳಿಗೆ ಏನು ಉಳೀತು? ಅವಳಿಗೇ ಅಂತ ಬೇರೆ ಹೊತ್ತು ಹುಡುಕಬೇಡ ಕಣೋ. ನೀನು ಹೇಗೂ ಮಾಡಬೇಕಾದ ಕೆಲಸದೊಳಗೆ ಅವಳನ್ನ ಕೂರಿಸಿಕೋ. ಕೆಲಸ ಕೆಡುತ್ತೆ, ತಡ ಆಗುತ್ತೆ. ಆಗಲಿ.

ಈಗ ಅವರೆ ಕಾಲ. ಬೆಂಗಳೂರಿನಲ್ಲೂ ಬೀದಿಬೀದಿಗೆ ಗುಡ್ಡೆ ಹಾಕಿರ್ತಾರೆ. ಬಿಡಿಸಿದ ಕಾಳು ಪ್ಯಾಕೆಟ್ಟಿನಲ್ಲಿ ಸಿಗುತ್ತೆ, ಹಿತಕಿದ್ದೂ ಸಿಗುತ್ತೆ. ನೀನು ತರಬೇಕಾದದ್ದು ಕಾಯಿ. ಒಳ್ಳೆ ಸೊಗಡಿನ ಕಾಯಿ ಒಂದು ಕೆಜಿ ತಂದು ನೆಲದ ಮೇಲೆ ಪೇಪರ್ ಹಾಸಿ ಸುರಿ. ಪಕ್ಕದ ಮನೆಯ ಮೊಮ್ಮಗಳು ನಿನ್ನ ಮಗಳ ವಾರಿಗೆಯವಳೇ, ದಿನಾ ಸಂಜೆ ನನ್ನ ಹತ್ತಿರ ಬಂದು ಕೂರ್ತಾಳೆ. ಅವಳಿಗೆ ಕಾಯಿ ಸೀಳೋಕೆ ಬರಲ್ಲ. ತುದಿ ಮುರಿದು ನಾರು ಎಳೆದು ನಾನು ಅರ್ಧ ಬಾಯಿ ಬಿಡಿಸಿಕೊಡಬೇಕು, ಒಳಗಿನ ಕಾಳನ್ನ ಅವಳು ಹೆಬ್ಬೆರಳಲ್ಲಿ ಉದುರಿಸ್ತಾಳೆ. ಒಂದೊಂದರಲ್ಲಿ ಹಸಿರು ಹುಳ ಇರುತ್ತೆ. ಆಗ ಕೆಲಸ ನಿಂತುಹೋಯ್ತು ಅಂತಲೇ ಲೆಕ್ಕ. ಹುಳಕ್ಕೆ ಅಮ್ಮ ಎಲ್ಲಿ, ಅದು ರಾತ್ರಿ ಎಲ್ಲಿ ಮಲಗುತ್ತೆ, ಅದಕ್ಕೂ ಅವರೆಕಾಳಿನ ಸಾರು ಇಷ್ಟವಾ? ಗೊತ್ತಿದ್ದದ್ದಕ್ಕೆ ಉತ್ತರ ಹೇಳ್ತೀನಿ, ಗೊತ್ತಿಲ್ಲದ್ದಕ್ಕೆ 'ನೀನೇ ಹೇಳವ್ವ' ಅಂತೀನಿ. ಅವಳು ಹೇಳೋ ಉತ್ತರ ನಂದಕ್ಕಿಂತ ಚೆನ್ನಾಗಿರುತ್ತೆ.

ರಾತ್ರಿ ನೆನೆಹಾಕಿದ ಕಾಳನ್ನ ಬೆಳಿಗ್ಗೆ ಹಿತಕೋದು ಇದಕ್ಕಿಂತ ಮಜ. ಎರಡು ಬೆರಳ ಮಧ್ಯೆ ಒತ್ತಿದ್ರೆ ಸಿಪ್ಪೆ ಕೈಯಲ್ಲಿ, ಬೇಳೆ ಪುಳಕ್ಕಂತ ಹೊರಗೆ. ಮಕ್ಕಳ ಕೈಯಿಂದ ಅದು ಪಾತ್ರೆಗೆ ಬಿಟ್ಟು ಬೇರೆ ಎಲ್ಲ ಕಡೆಗೂ ಹಾರುತ್ತೆ: ಬೀರು ಕೆಳಗೆ, ನನ್ನ ಕನ್ನಡಕಕ್ಕೆ, ಬೆಕ್ಕಿನ ಮೈಮೇಲೆ. ನಾನೊಬ್ಬಳೇ ಆದ್ರೆ ಬೇಗ ಮುಗಿಯೋ ಕೆಲಸ ಅಡುಗೆ ಹೊತ್ತು ಮೀರೋವರೆಗೂ ಎಳೆಯುತ್ತೆ. ಆದ್ರೆ ಸಾರು ಇಳಿಸಿದಾಗ ಆ ಹುಡುಗಿ ತಟ್ಟೆ ಮುಂದೆ ಕೂತು 'ಇದು ನಾನು ಹಿತಕಿದ್ದು' ಅಂತ ಒಂದೊಂದೇ ಬೇಳೆ ಎತ್ತಿ ತೋರಿಸಿ ತಿಂತಾಳೆ. ಅವರಮ್ಮ 'ಇವಳು ಊಟನೇ ಮಾಡಲ್ಲ' ಅಂತ ಹೇಳ್ತಿದ್ಲು.

ಊಟ ಅಂದ ತಕ್ಷಣ ಫೋನಿನ ವಿಷಯ ಹೇಳಲೇಬೇಕು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಮುಂದೆ ಕೂರಬಾರದು, ಕಡಿಮೆ ಆದಷ್ಟೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಾನು ಗಡಿಯಾರ ಹಿಡಿದು ಕಾಯೋಕೆ ಬರಲ್ಲ. ಜ್ವರ ಬಂದ ಮಗುನ ಹತ್ತು ನಿಮಿಷ ಸುಮ್ಮನಿರಿಸೋಕೆ ಫೋನ್ ಕೊಟ್ರೆ ಆಕಾಶ ಬೀಳಲ್ಲ. ತುತ್ತು ಇಡೋವಾಗ ಮಾತ್ರ ಬೇಡ. ಬಾಯಿಗೆ ಹೋದದ್ದು ಮುದ್ದೆಯೋ ಅನ್ನವೋ ಮಗುವಿಗೇ ಗೊತ್ತಿರಲ್ಲ. ಮುದ್ದೆ ಮುರಿದು, ಊದಿ, ಸಣ್ಣ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ನುಂಗೋದನ್ನ ಕಲಿಯೋಕೆ ಅವರಿಗೆ ತಿಂಗಳುಗಳೇ ಬೇಕು. ಬೆರಳು ಸುಡುತ್ತೆ, ಉಂಡೆ ಜಾರುತ್ತೆ, ಅಂಗಿಯೆಲ್ಲ ಸಾರು. ಅಂಗಿ ಒಗೆಯೋಕೆ ನೀನಿದೀಯಲ್ಲ.

ಹೌದು, ಅದನ್ನ ಬೇಕಂತಲೇ ಬರೆದೆ. ಮಕ್ಕಳ ಜೊತೆ ನಿಧಾನವಾಗಿರಿ ಅಂತ ಉಪದೇಶ ಮಾಡೋರೆಲ್ಲ ಅದನ್ನ ತಾಯಂದಿರಿಗೇ ಹೇಳ್ತಾರೆ. ಅವಳು ನಿಧಾನವಾಗಿ ಕೂತ್ರೆ ಸಿಂಕಿನಲ್ಲಿರೋ ಪಾತ್ರೆ ಯಾರು ತೊಳೀತಾರೆ ಅಂತ ಯಾರೂ ಕೇಳಲ್ಲ. 2017ರಲ್ಲಿ ಕಾನೂನು ಬದಲಾಗಿ ಹೆರಿಗೆ ರಜೆ 26 ವಾರ ಆಯ್ತು, ಒಳ್ಳೇದೇ ಆಯ್ತು. ಅದೇ ಕಾನೂನಿನಲ್ಲಿ ಅಪ್ಪ ಆದವನಿಗೆ ಒಂದು ದಿನವೂ ಇಡಲಿಲ್ಲ. ಮಗು ಅಂದ್ರೆ ಅಮ್ಮನ ಕೆಲಸ ಅಂತ ಸರ್ಕಾರವೇ ಬರೆದಿಟ್ಟ ಮೇಲೆ, ಮಗಳು ಅಮ್ಮನೇ ಬೇಕು ಅಂದಳು ಅಂತ ನೀನು ಯಾಕೆ ಬೇಜಾರು ಮಾಡ್ಕೊಳ್ತೀಯ? ನಿನ್ನ ಹೆಂಡತಿಯೂ ದುಡಿಯೋಳೇ. ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸೋದು, ಜಡೆ ಹಾಕೋದು, ಇವೆರಡನ್ನ ನೀನು ಇಟ್ಕೋ. ನಿನ್ನ ಜಡೆ ಮೊದಲು ಸೊಟ್ಟಗೇ ಬರುತ್ತೆ. ಬೆಳಗಿನ ಈ ಕೆಲಸಕ್ಕೆ ನೀನು ಅರ್ಧ ಗಂಟೆ ತಡವಾಗಿ ಹೊರಡಬೇಕಾದೀತು. ಮೇಲಿನವರನ್ನ ಕೇಳಿ ನೋಡು, ನಿನಗೆ ಆ ಮಟ್ಟಿಗೆ ಬಾಯಿದೆ. ಎಲ್ಲರಿಗೂ ಇರಲ್ಲ. ನಮ್ಮ ಕಡೆ ಉದ್ಯೋಗ ಖಾತ್ರಿ ಕೂಲಿಗೆ ಹೋಗೋ ಹೆಣ್ಣುಮಕ್ಕಳ ಕೂಸುಗಳಿಗೆ ಅಂತ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ಮಾಡಿದಾರೆ. ಅಲ್ಲಿ ಮಗು ಬಿಟ್ಟು ಗುದ್ದಲಿ ಹಿಡಿದು ಹೊರಡೋಳಿಗೆ ನಾನು ಈ ಕಾಗದ ಬರೆಯೋಕೆ ಆಗುತ್ತಾ?

ಇನ್ನು ನಿನ್ನ ಫೋಟೋಗಳ ಸಂಗತಿ. ಅವಳಿಗೆ ಮುಂದೆ ನೆನಪಿರಲಿ ಅಂತ ಎಲ್ಲವನ್ನೂ ತೆಗೆದಿಡ್ತೀನಿ ಅಂತೀಯ. ಮೂರು ಮೂರೂವರೆ ವರ್ಷಕ್ಕೆ ಮುಂಚೆ ನಡೆದದ್ದು ದೊಡ್ಡವರಾದ ಮೇಲೆ ಹೆಚ್ಚುಕಮ್ಮಿ ಯಾರಿಗೂ ನೆನಪಿರಲ್ಲ ಅನ್ನೋದು ಮನಶ್ಶಾಸ್ತ್ರ ಓದಿದವರಿಗೆಲ್ಲ ಗೊತ್ತಿರೋ ಮಾತು. ನಮಗೆ ತರಬೇತಿಯಲ್ಲಿ ಇದನ್ನ ಹೇಳಿದಾಗ ಮೊದಲು ದುಃಖ ಆಯ್ತು, ಆಮೇಲೆ ಹಗುರ ಅನ್ನಿಸ್ತು. ಅವಳು ರಂಗನತಿಟ್ಟನ್ನೂ ಮರೀತಾಳೆ, ಮಾಲನ್ನೂ ಮರೀತಾಳೆ, ನನ್ನನ್ನೂ ಮರೆತಾಳು. ಹಾಗಿದ್ಮೇಲೆ ನೆನಪಿನಲ್ಲಿ ಉಳಿಯೋಂಥ ದೊಡ್ಡ ದಿನ ಮಾಡಬೇಕು ಅನ್ನೋ ಒದ್ದಾಟ ಯಾಕೆ? ಅವಳಲ್ಲಿ ಉಳಿಯೋದು ಬೇರೆ: ಮಾತು, ಕೈಯ ಪಳಗಿಕೆ, ಇರುವೆ ಕಂಡಾಗ ಕೂತು ನೋಡ್ತಾಳೋ ಚಪ್ಪಲಿಯಲ್ಲಿ ಉಜ್ಜಿ ಹೋಗ್ತಾಳೋ ಅನ್ನೋದು. ನೆನಪು ಇರೋದು ನಿಂಗೆ. ತೇಜಸ್ವಿ ತಮ್ಮ ತಂದೆಯ ಮೇಲೆ ಬರೆದ 'ಅಣ್ಣನ ನೆನಪು' ಓದಿದೀಯಾ? 1996ರ ಪುಸ್ತಕ. ಜಗತ್ತಿಗೆಲ್ಲ ಮಹಾಕವಿ ಆದವರು ಅಲ್ಲಿ ಮಕ್ಕಳ ತಂಟೆ ತಕರಾರುಗಳ ನಡುವೆ ಮನೆಯಲ್ಲಿ ಓಡಾಡೋ ಅಪ್ಪ. ಓದು, ನಗು ಬರುತ್ತೆ.

ಸಂಕ್ರಾಂತಿಗೆ ಬನ್ನಿ. ಕಾರು ಬೇಡ. ಕಾರಿನಲ್ಲಿ ಅವಳು ಹಿಂದಿನ ಸೀಟಿಗೆ ಅಂಟಿಕೊಂಡು ಫೋನ್ ನೋಡ್ತಾಳೆ, ನೀನು ನೆಲಮಂಗಲದ ಟ್ರಾಫಿಕ್ಕಿಗೆ ಬೈತೀಯ. 2017ರಿಂದ ರೈಲೇ ಇದೆಯಲ್ಲ, ಕುಣಿಗಲ್ ಮೇಲೆ ಹಾಸನಕ್ಕೆ ಹೋಗೋದು, ಬಿ.ಜಿ. ನಗರದಲ್ಲಿ ಇಳಿದ್ರೆ ಆಟೋ ಸಿಗುತ್ತೆ. ಬೆಳಿಗ್ಗೆ ಬೇಗ ಎದ್ರೆ ಆದಿಚುಂಚನಗಿರಿ ಬೆಟ್ಟದ ಕಡೆ ನವಿಲು ನೋಡಬಹುದು. ಅದು 1981ರಿಂದ ನವಿಲುಧಾಮ. ಸಿಗದಿದ್ರೂ ಚಿಂತೆ ಇಲ್ಲ, ಮೆಟ್ಟಿಲ ಮೇಲೆ ಕೋತಿಗಳಂತೂ ಇರ್ತಾವೆ, ಅವಳ ಕೈಯಲ್ಲಿ ಬಾಳೆಹಣ್ಣು ಕೊಡಬೇಡ. ಸಂಜೆ ದನಗಳಿಗೆ ಕಿಚ್ಚು ಹಾಯಿಸೋದನ್ನ ದೂರ ನಿಂತು ತೋರಿಸು, ಹೆದರಿದ್ರೆ ಒಳಗೆ ಕರ್ಕೊಂಡು ಬಾ.

ಹಬ್ಬದ ಹಿಂದಿನ ದಿನವೇ ಬರಬೇಕು. ಎಳ್ಳು ಬೆಲ್ಲಕ್ಕೆ ಕೊಬ್ಬರಿ, ಬೆಲ್ಲ ಹೆಚ್ಚೋ ಕೆಲಸ ನಿಂಗೇ ಅಂತ ಇಟ್ಟಿದೀನಿ. ಅಡಕತ್ತರಿ ನಿನ್ನ ಕೈಲಿ, ಹುರಿಗಡಲೆ ಆರಿಸೋದು ನಿನ್ನ ಮಗಳು. ಅರ್ಧ ಅವಳ ಬಾಯಿಗೆ ಹೋಗುತ್ತೆ ಅಂತ ಒಂದು ಪಾವು ಜಾಸ್ತಿಯೇ ತರಿಸಿದೀನಿ. ನಿನ್ನ ಹೆಂಡತಿಗೆ ಏನೂ ಕೆಲಸ ಇಲ್ಲ, ಮಲಗಿ ನಿದ್ದೆ ಮಾಡಲಿ ಅಂತ ಹೇಳು.

ಇತಿ,
ನಿನ್ನ ದೊಡ್ಡಮ್ಮ