ಅನುಬಂಧ ಓದುತ್ತಿದ್ದ ಪತ್ರಕರ್ತ

ಗೆಳೆಯರೇ, ಐವತ್ತು ಪುಟದ ಒಂದು ವರದಿ ಕೈಗೆ ಬಂದರೆ ನಾವು ಏನೇನು ಓದ್ತೀವಿ? ಮೊದಲ ಪುಟದ ಸಾರಾಂಶ, ಕೊನೆಯ ತೀರ್ಮಾನ, ನಡುವೆ ಕಣ್ಣಿಗೆ ಬಿದ್ದ ಒಂದೆರಡು ಗ್ರಾಫ್. ಹಿಂದುಗಡೆ ಕೋಷ್ಟಕಗಳು ತುಂಬಿದ ಅನುಬಂಧ ಇರುತ್ತಲ್ಲ, ಅದನ್ನು ತೆರೆಯೋರು ಕಡಿಮೆ. ನಾಳೆ ಬೆಳಿಗ್ಗೆ ಸೆಮಿನಾರ್ ಇದ್ದರಂತೂ ಆ ಮಾತೇ ಬೇಡ.

ಈ ಸಲ ನಾವು ಪರಿಚಯಿಸ್ತಿರೋದು ಅಂಥ ಅನುಬಂಧಗಳನ್ನು ಬಿಡದೆ ಓದಿ ಹೆಸರಾದ ಒಬ್ಬ ಅಮೆರಿಕನ್ ಪತ್ರಕರ್ತರನ್ನು. ಹೆಸರು ಐ. ಎಫ್. ಸ್ಟೋನ್. ತಮ್ಮ ದೇಶದ ವಿದೇಶಾಂಗ ನೀತಿಯ ಬಗ್ಗೆ ದಶಕಗಟ್ಟಲೆ ಬರೆದವರು. ರಾಜಕೀಯ ಪತ್ರಕರ್ತರ ಕತೆ ಎಂಜಿನಿಯರಿಂಗ್ ಓದುವವರಿಗೆ ಯಾಕೆ ಅಂತ ಕೇಳಬಹುದು. ಅವರು ಮಾಡಿದ್ದು ಬಹುಮಟ್ಟಿಗೆ ನಮ್ಮದೇ ಕೆಲಸ: ಯಾರೋ ಕೊಟ್ಟ ಅಳತೆಯನ್ನು ಇನ್ನೊಂದು ಅಳತೆಯ ಜೊತೆ ತಾಳೆ ನೋಡೋದು. ಅವರು ಗೆದ್ದ ಕಡೆ ಎಷ್ಟು ಪಾಠವಿದೆಯೋ ಎಡವಿದ ಕಡೆಯೂ ಅಷ್ಟೇ ಇದೆ.

ಕೆಲಸ ಹೋದಾಗ ಹುಟ್ಟಿದ ಪತ್ರಿಕೆ

ಸ್ಟೋನ್ ಹುಟ್ಟಿದ್ದು 1907ರ ಡಿಸೆಂಬರ್ 24ರಂದು, ಫಿಲಡೆಲ್ಫಿಯಾದಲ್ಲಿ. ಅಪ್ಪ ಅಮ್ಮ ರಷ್ಯಾದಿಂದ ವಲಸೆ ಬಂದ ಯಹೂದಿಗಳು. ಹದಿನಾಲ್ಕನೇ ವಯಸ್ಸಿಗೇ ಊರಲ್ಲಿ ಒಂದು ಪುಟ್ಟ ಪತ್ರಿಕೆ ಹೊರಡಿಸಿದ ಹುಡುಗ, ಕಾಲೇಜನ್ನು ಅರ್ಧಕ್ಕೆ ಬಿಟ್ಟು ಪತ್ರಿಕಾ ಕಚೇರಿ ಸೇರಿಕೊಂಡರು. ಹಲವು ಪತ್ರಿಕೆಗಳಲ್ಲಿ ದುಡಿದರು. 1952ರ ಕೊನೆಗೆ ಅವರು ಬರೆಯುತ್ತಿದ್ದ 'ಡೈಲಿ ಕಂಪಾಸ್' ಮುಚ್ಚಿಹೋಯಿತು.

ಅದು ಸೆನೆಟರ್ ಮೆಕಾರ್ಥಿಯ ಕಾಲ. ಕಮ್ಯುನಿಸ್ಟರ ಕಡೆಯವರು ಅನ್ನೋ ಅನುಮಾನ ಬಂದರೆ ಸಾಕು, ಕೆಲಸ ಹೋಗುತ್ತಿತ್ತು. ಎಡಪಂಥೀಯರೆಂದು ಹೆಸರಾಗಿದ್ದ ಸ್ಟೋನ್ ಅವರಿಗೆ ದೊಡ್ಡ ಪತ್ರಿಕೆಗಳ ಬಾಗಿಲು ತೆರೆಯಲಿಲ್ಲ. ಕೆಲಸ ಹೋದಾಗ ಬಂದ ಪರಿಹಾರದ ಹಣಕ್ಕೆ ಸ್ನೇಹಿತರೊಬ್ಬರು ಕೊಟ್ಟ ಸಾಲ ಸೇರಿಸಿ, 1953ರ ಜನವರಿಯಲ್ಲಿ ತಮ್ಮ ಹೆಸರಿನದೇ ಒಂದು ವಾರಪತ್ರಿಕೆ ಶುರುಮಾಡಿದರು. ನಾಲ್ಕು ಪುಟ. ವರ್ಷದ ಚಂದಾ 5 ಡಾಲರ್. ಶುರುವಿನಲ್ಲಿ ಚಂದಾದಾರರು ಸುಮಾರು 5,300. ವರದಿಗಾರ, ಸಂಪಾದಕ, ಕರಡು ತಿದ್ದುವವರು ಎಲ್ಲ ಅವರೇ. ಲೆಕ್ಕಪತ್ರ ಮತ್ತು ಚಂದಾ ವ್ಯವಹಾರ ಹೆಂಡತಿ ಎಸ್ತರ್ ಅವರದು. 1971ರ ಡಿಸೆಂಬರಿನಲ್ಲಿ ಪತ್ರಿಕೆ ನಿಲ್ಲಿಸುವ ಹೊತ್ತಿಗೆ ಚಂದಾದಾರರು ಸುಮಾರು 70,000 ಆಗಿದ್ದರು.

ಸ್ಟೋನ್ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪತ್ರಿಕಾಗೋಷ್ಠಿಗಳಲ್ಲಿ ಕೂತು ಪ್ರಯೋಜನ ಕಡಿಮೆ. ಊಟಕ್ಕೆ ಕರೆದು ಗುಟ್ಟು ಹೇಳುವ ಅಧಿಕಾರಿಗಳೂ ಇರಲಿಲ್ಲ. ಹಾಗಾಗಿ ಅವರು ಓದಿದರು. ಸಂಸತ್ತಿನ ನಡಾವಳಿ, ಸಮಿತಿಗಳ ಮುಂದಿನ ಹೇಳಿಕೆಗಳು, ಬಜೆಟ್ ಕಾಗದಗಳು, ದಿನಕ್ಕೆ ಹತ್ತಾರು ಪತ್ರಿಕೆಗಳು. ದೊಡ್ಡ ಸರ್ಕಾರ ಎಷ್ಟೊಂದು ಕಾಗದ ಹೊರಡಿಸುತ್ತದೆಂದರೆ, ಒಂದು ಇಲಾಖೆ ಮುಚ್ಚಿಟ್ಟದ್ದು ಇನ್ನೊಂದು ಇಲಾಖೆಯ ಕೋಷ್ಟಕದಲ್ಲಿ ಇಣುಕಿಬಿಡುತ್ತದೆ. ಇದೇ ಅವರ ಬಂಡವಾಳ.

ನೆಲದೊಳಗಿನ ಸದ್ದು

1957ರ ಸೆಪ್ಟೆಂಬರ್ 19ರಂದು ಅಮೆರಿಕ ನೆವಾಡದಲ್ಲಿ 'ರೈನಿಯರ್' ಎಂಬ ಭೂಗತ ಅಣುಪರೀಕ್ಷೆ ನಡೆಸಿತು. ಶಕ್ತಿ 1.7 ಕಿಲೋಟನ್, ಹಿರೋಶಿಮಾದ ಬಾಂಬಿನ ಒಂಬತ್ತನೇ ಒಂದು ಭಾಗದಷ್ಟು. ಆಗ ಜಗತ್ತಿನಲ್ಲಿ ಅಣುಪರೀಕ್ಷೆ ನಿಷೇಧದ ಮಾತು ನಡೆಯುತ್ತಿತ್ತು. ನಿಷೇಧ ಬೇಡ ಅನ್ನುವವರ ವಾದ ಸರಳ: ನೆಲದಡಿ ಗುಟ್ಟಾಗಿ ಪರೀಕ್ಷೆ ಮಾಡಿದರೆ ದೂರದಿಂದ ಪತ್ತೆ ಮಾಡೋಕೆ ಆಗಲ್ಲ, ರಷ್ಯನ್ನರು ಮೋಸ ಮಾಡ್ತಾರೆ.

ಪರೀಕ್ಷೆಯ ಮರುದಿನದ ಪತ್ರಿಕೆಯಲ್ಲಿ, ದೊಡ್ಡ ಸುದ್ದಿಯ ಬಾಲದಲ್ಲಿ ಸ್ಟೋನ್ ಕೆಲವು ಪುಟ್ಟ ಸಾಲುಗಳನ್ನು ಗಮನಿಸಿದರು. ಟೊರಾಂಟೊ, ರೋಮ್, ಟೋಕಿಯೊದಲ್ಲಿ ಕಂಪನ ದಾಖಲಾಗಿದೆ ಅಂತ ಅಲ್ಲಿ ಇತ್ತು. ಕೇಬಲ್ ಕಳಿಸಿ ವಿಚಾರಿಸುವಷ್ಟು ದುಡ್ಡಿರಲಿಲ್ಲ ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ತುಣುಕನ್ನು ಕತ್ತರಿಸಿ ಎತ್ತಿಟ್ಟರು.

1958ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗ, ರೈನಿಯರ್ ಕಂಪನ ಇನ್ನೂರು ಚಿಲ್ಲರೆ ಮೈಲಿಯಿಂದಾಚೆಗೆ ಪತ್ತೆಯಾಗಲಿಲ್ಲ ಅಂತ ಪ್ರಕಟಿಸಿತು. ಎತ್ತಿಟ್ಟ ತುಣುಕು ಆಗ ನೆನಪಾಯಿತು. ಸ್ಟೋನ್ ನೇರ ಹೋಗಿದ್ದು ಭೂಕಂಪ ದಾಖಲಿಸುವ ಸರ್ಕಾರಿ ಇಲಾಖೆಗೆ. ಅಲ್ಲಿದ್ದ ವಿಜ್ಞಾನಿಗಳು ತಮ್ಮ ದಾಖಲೆ ನೋಡಿ ಹೇಳಿದರು: ಎರಡು ಸಾವಿರ ಮೈಲಿಗೂ ದೂರದ ಅಲಾಸ್ಕದಲ್ಲೂ ಅದು ದಾಖಲಾಗಿದೆ. ಅಂದರೆ ಆಯೋಗದ ಅಂಕಿ ಹೆಚ್ಚುಕಡಿಮೆ ಹತ್ತು ಪಟ್ಟು ತಪ್ಪು. ಆಯೋಗ ತನ್ನ ಹೇಳಿಕೆಯನ್ನು ತಿದ್ದಿಕೊಳ್ಳಬೇಕಾಯಿತು.

ಇದರ ಭೌತಶಾಸ್ತ್ರ ನಮಗೆ ಕಷ್ಟವೇನಲ್ಲ. ಭೂಕಂಪದಲ್ಲಿ ಎರಡು ಬಂಡೆ ಪದರಗಳು ಒಂದನ್ನೊಂದು ಉಜ್ಜಿ ಜಾರುತ್ತವೆ. ಸ್ಫೋಟ ಎಲ್ಲ ದಿಕ್ಕಿಗೂ ಒಮ್ಮೆಲೇ ತಳ್ಳುತ್ತದೆ. ಆದ್ದರಿಂದ ಸ್ಫೋಟದಲ್ಲಿ ಮೊದಲು ಬರುವ ಒತ್ತಡದ ಅಲೆ ಬಲವಾಗಿ, ಅದಕ್ಕೆ ಹೋಲಿಸಿದರೆ ಮೇಲ್ಮೈ ಅಲೆ ಸಣ್ಣದಾಗಿ ಕಾಣುತ್ತದೆ. ಈ ಅನುಪಾತವೇ ಸುಳಿವು. ಸಿಗ್ನಲ್ ದುರ್ಬಲವಾಗಿದ್ದರೆ ಹಲವು ಮಾಪಕಗಳನ್ನು ಸಾಲಾಗಿ ಇಟ್ಟು, ಸರಿಯಾದ ವಿಳಂಬ ಕೊಟ್ಟು ಕೂಡಿಸಿದರಾಯಿತು. ಇಪ್ಪತ್ತು ಮಾಪಕ ಇದ್ದರೆ ಗದ್ದಲಕ್ಕೆ ಹೋಲಿಸಿ ಸಿಗ್ನಲ್ ಸುಮಾರು ನಾಲ್ಕೂವರೆ ಪಟ್ಟು ಎದ್ದು ಕಾಣುತ್ತದೆ. ಎಲೆಕ್ಟ್ರಾನಿಕ್ಸ್‌ನವರಿಗೆ ಇದು ಗೊತ್ತಿರೋದೇ. ಇಂಥ ಕೇಂದ್ರ ನಮ್ಮ ಗೌರಿಬಿದನೂರಿನಲ್ಲೇ ಇದೆ. 1960ರ ದಶಕದಲ್ಲಿ ಬ್ರಿಟನ್ನಿನ ಸಹಯೋಗದಲ್ಲಿ ಸ್ಥಾಪನೆಯಾಗಿ, ಈಗ ಭಾಭಾ ಪರಮಾಣು ಸಂಶೋಧನಾ ಕೇಂದ್ರ ನಡೆಸುತ್ತಿದೆ. 'ಎಲ್' ಅಕ್ಷರದ ಆಕಾರದಲ್ಲಿ ಹರಡಿದ ಅದರ ಮಾಪಕಗಳು ದೂರದೂರದ ಭೂಗತ ಸ್ಫೋಟಗಳಿಗೆ ಕಿವಿಗೊಟ್ಟು ಕೂತಿವೆ.

1963ರ ಒಪ್ಪಂದ ವಾತಾವರಣ, ಬಾಹ್ಯಾಕಾಶ ಮತ್ತು ನೀರಿನಡಿಯ ಪರೀಕ್ಷೆಗಳನ್ನು ನಿಷೇಧಿಸಿತು. ಪತ್ತೆಯ ಜಗಳ ಬಗೆಹರಿಯದೆ ಭೂಗತ ಪರೀಕ್ಷೆ ಹೊರಗುಳಿಯಿತು. ಒಂದು ಅಳತೆಯ ಮೇಲೆ ಎಷ್ಟೆಲ್ಲ ನಿಂತಿತ್ತು ನೋಡಿ.

ಟಾಂಕಿನ್ ಕೊಲ್ಲಿ, 1964

ಆಗಸ್ಟ್ 2ರಂದು ಉತ್ತರ ವಿಯೆಟ್ನಾಂನ ದೋಣಿಗಳು ಅಮೆರಿಕದ ಯುದ್ಧನೌಕೆಯೊಂದರ ಮೇಲೆರಗಿದವು. 4ರ ರಾತ್ರಿ ಮತ್ತೆ ದಾಳಿಯಾಯಿತು ಅಂತ ಸರ್ಕಾರ ಹೇಳಿತು. 7ನೇ ತಾರೀಕು ಅಮೆರಿಕದ ಸಂಸತ್ತು ಅಧ್ಯಕ್ಷ ಜಾನ್ಸನ್ ಅವರಿಗೆ ಬಲಪ್ರಯೋಗದ ಅಧಿಕಾರ ಕೊಟ್ಟಿತು. ಕೆಳಮನೆಯಲ್ಲಿ 416–0, ಸೆನೆಟ್‌ನಲ್ಲಿ 88–2. ಆ ಇಬ್ಬರು ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್.

ದಾಳಿಗೆ ಸ್ವಲ್ಪ ಮುಂಚೆ ದಕ್ಷಿಣ ವಿಯೆಟ್ನಾಂನ ದೋಣಿಗಳು ಉತ್ತರದ ದ್ವೀಪಗಳ ಮೇಲೆ ಗುಂಡಿನ ಮಳೆಗರೆದಿದ್ದವು ಅಂತ ಮೋರ್ಸ್ ಸೆನೆಟ್‌ನಲ್ಲಿ ಹೇಳಿದ್ದರು. ಹಾಗಿದ್ದ ಮೇಲೆ 'ಪ್ರಚೋದನೆಯಿಲ್ಲದ ದಾಳಿ' ಅನ್ನೋ ಸರ್ಕಾರದ ಮಾತು ನಿಲ್ಲೋದಿಲ್ಲ. ಅವರ ಭಾಷಣ ನಡಾವಳಿಯಲ್ಲಿ ಅಚ್ಚಾಗಿತ್ತು, ಆದರೆ ದೊಡ್ಡ ಪತ್ರಿಕೆಗಳು ಅದರ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ. ಸ್ಟೋನ್ ಅದೇ ತಿಂಗಳು ಅದನ್ನು ಓದುಗರ ಮುಂದಿಟ್ಟರು. ಎರಡನೇ ದಾಳಿಗೆ ಪುರಾವೆ ಎಲ್ಲಿ ಅಂತ ಮುಂದಿನ ವರ್ಷಗಳಲ್ಲೂ ಕೇಳುತ್ತಲೇ ಇದ್ದರು. 2005ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಬಿಡುಗಡೆ ಮಾಡಿದ ಅದರದೇ ಇತಿಹಾಸಕಾರರ ಅಧ್ಯಯನ, 4ರ ರಾತ್ರಿ ಅಂಥ ದಾಳಿ ನಡೆದೇ ಇರಲಿಲ್ಲ ಎಂದು ಹೇಳಿತು.

179 ಆಯುಧಗಳು

1965ರ ಫೆಬ್ರವರಿ ಕೊನೆಗೆ ವಿದೇಶಾಂಗ ಇಲಾಖೆ ಒಂದು ಶ್ವೇತಪತ್ರ ಹೊರಡಿಸಿತು. ದಕ್ಷಿಣ ವಿಯೆಟ್ನಾಂನ ಯುದ್ಧ ಒಳಗಿನ ಬಂಡಾಯವಲ್ಲ, ಉತ್ತರದಿಂದ ಆಯುಧ ಮತ್ತು ಜನ ಕಳಿಸಿ ನಡೆಸಿದ ಆಕ್ರಮಣ ಅನ್ನೋದು ಅದರ ವಾದ. ಜೊತೆಗೆ, ಗೆರಿಲ್ಲಾಗಳಿಂದ ವಶಪಡಿಸಿಕೊಂಡ ಕಮ್ಯುನಿಸ್ಟ್ ದೇಶಗಳ ಆಯುಧಗಳ ಪಟ್ಟಿ.

ಸ್ಟೋನ್ ಅನುಬಂಧ ತೆರೆದು ಪಟ್ಟಿಯನ್ನು ಕೂಡಿದರು. ಒಟ್ಟು 179. ಆಮೇಲೆ ಪೆಂಟಗನ್ ಅನ್ನು ಕೇಳಿದರು: ಇಷ್ಟು ವರ್ಷದಲ್ಲಿ ವಶವಾದ ಆಯುಧ ಒಟ್ಟು ಎಷ್ಟು? 1962ರಿಂದ 1964ರವರೆಗೆ 15,100 ಅಂತ ಉತ್ತರ ಬಂತು. ಪಟ್ಟಿ ಹದಿನೆಂಟು ತಿಂಗಳಿನದು, ಹಾಗಾಗಿ ಅರ್ಧ ಹಿಡಿಯೋಣ, ಸುಮಾರು 7,500. ಅದರಲ್ಲಿ 179 ಅಂದರೆ ಶೇಕಡಾ ಎರಡೂವರೆಗಿಂತ ಕಡಿಮೆ. ಹೊರಗಿನಿಂದ ಬಂದ ಆಯುಧಗಳೇ ಯುದ್ಧ ನಡೆಸುತ್ತಿವೆ ಅನ್ನೋ ವಾದಕ್ಕೆ ಸರ್ಕಾರದ್ದೇ ಕೋಷ್ಟಕ ಒಪ್ಪಲಿಲ್ಲ. ಭಾಗಲಬ್ಧ ಒಂದು, ಕೂಡುಲೆಕ್ಕ ಒಂದು, ಇಷ್ಟೇ ಗಣಿತ.

ಅವರ ಉತ್ತರ ಪ್ರಕಟವಾದ ಸಂಚಿಕೆಯ ತಾರೀಕು ಮಾರ್ಚ್ 8. ಅಮೆರಿಕದ ಮರೀನ್ ಪಡೆ ದಾ ನಾಂಗ್ ತೀರದಲ್ಲಿ ಇಳಿದದ್ದೂ ಅದೇ ದಿನ. ಲೆಕ್ಕ ಸರಿಯಿದ್ದ ಮಾತ್ರಕ್ಕೆ ಯುದ್ಧ ನಿಲ್ಲೋದಿಲ್ಲ. ಆ ಯುದ್ಧದಲ್ಲಿ ಅಮೆರಿಕನ್ನರೇ 58,000ಕ್ಕೂ ಹೆಚ್ಚು ಮಂದಿ ಸತ್ತರು, ವಿಯೆಟ್ನಾಮೀಯರು ಲಕ್ಷಗಟ್ಟಲೆ.

ಎಡವಿದ್ದು ಎಲ್ಲಿ?

ಇಷ್ಟಕ್ಕೇ ನಿಲ್ಲಿಸಿದರೆ ನಾವೂ ಅನುಬಂಧ ಬಿಟ್ಟು ಸಾರಾಂಶ ಹೇಳಿದ ಹಾಗಾಗುತ್ತೆ.

1952ರಲ್ಲಿ ಸ್ಟೋನ್ ಕೊರಿಯಾ ಯುದ್ಧದ ಗುಪ್ತ ಇತಿಹಾಸ ಎಂಬರ್ಥದ ಹೆಸರಿನ ಪುಸ್ತಕ ಬರೆದರು. ವಿಧಾನ ಅದೇ: ಜನರಲ್ ಮೆಕಾರ್ಥರ್ ಅವರ ಕಚೇರಿಯ ಹೇಳಿಕೆಗಳನ್ನು ಬೇರೆ ಬೇರೆ ಪತ್ರಿಕೆಗಳ ವರದಿಗಳ ಜೊತೆ ತಾಳೆ ನೋಡೋದು. ಹೊಂದದ ಅಂಕಿಗಳು ಬೇಕಾದಷ್ಟು ಸಿಕ್ಕವು. ಅಷ್ಟಕ್ಕೆ ನಿಲ್ಲದೆ, ಯುದ್ಧವನ್ನು ದಕ್ಷಿಣದವರೂ ಅಮೆರಿಕದವರೂ ಬೇಕೆಂದೇ ಬರಮಾಡಿಕೊಂಡಿರಬಹುದು ಅನ್ನೋ ಸೂಚನೆಯವರೆಗೆ ಹೋದರು. 1990ರ ದಶಕದಲ್ಲಿ ತೆರೆದ ಸೋವಿಯತ್ ದಾಖಲೆಗಳು ಬೇರೆಯದನ್ನೇ ತೋರಿಸಿದವು. ದಕ್ಷಿಣದ ಮೇಲೆ ದಾಳಿಗೆ ಕಿಮ್ ಇಲ್ ಸುಂಗ್ ಸ್ಟಾಲಿನ್ ಅವರ ಅನುಮತಿ ಕೇಳಿದ್ದರು, 1950ರಲ್ಲಿ ಅದು ಸಿಕ್ಕಿತ್ತು.

ಒಂದೇ ವಿಧಾನ ವಿಯೆಟ್ನಾಂನಲ್ಲಿ ಗೆದ್ದು ಕೊರಿಯಾದಲ್ಲಿ ಸೋತದ್ದು ಯಾಕೆ? ನಮಗೆ ತೋಚಿದ್ದು ಹೀಗೆ. ಮೀಟರ್ ತಪ್ಪು ತೋರಿಸ್ತಿದೆ ಅಂತ ಗೊತ್ತಾದ ಮಾತ್ರಕ್ಕೆ ನಿಜವಾದ ವೋಲ್ಟೇಜ್ ಎಷ್ಟು ಅಂತ ಗೊತ್ತಾಗಲ್ಲ. ಅದಕ್ಕೆ ಇನ್ನೊಂದು ಮೀಟರ್ ಬೇಕು. ರೈನಿಯರ್ ವಿಷಯದಲ್ಲಿ ಅಲಾಸ್ಕದ ಮಾಪಕ ಇತ್ತು. ಶ್ವೇತಪತ್ರಕ್ಕೆ ಪೆಂಟಗನ್ನಿನ ಒಟ್ಟು ಅಂಕಿ ಇತ್ತು. ಕೊರಿಯಾದಲ್ಲಿ ಉತ್ತರದ ಕಡೆಯ ದಾಖಲೆ ಒಂದೂ ಇರಲಿಲ್ಲ. ಖಾಲಿ ಜಾಗವನ್ನು ಅವರು ಊಹೆಯಿಂದ ತುಂಬಿದರು, ಊಹೆ ಅವರ ರಾಜಕೀಯ ಒಲವಿನ ಕಡೆಗೇ ವಾಲಿತು.

ಸೋವಿಯತ್ ಒಕ್ಕೂಟದ ವಿಷಯದಲ್ಲೂ ಅವರು ಬಹುಕಾಲ ಮೆತ್ತಗಿದ್ದರು. 1956ರಲ್ಲಿ ಸ್ವತಃ ಹೋಗಿ ನೋಡಿ ಬಂದ ಮೇಲೆ ಅಲ್ಲಿನ ವ್ಯವಸ್ಥೆಯನ್ನು ಖಾರವಾಗಿ ಟೀಕಿಸಿದರು. ಅದಕ್ಕೆ ನೂರಾರು ಚಂದಾದಾರರು ಪತ್ರಿಕೆ ಬಿಟ್ಟರು. 1930ರ ದಶಕದಲ್ಲಿ ಸೋವಿಯತ್ ಗುಪ್ತಚರರ ಜೊತೆ ಸಂಪರ್ಕವಿತ್ತು ಅನ್ನೋ ಆರೋಪ ಅವರು ತೀರಿಕೊಂಡ ಮೇಲೆ ಬಂತು. ಅದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

ಪತ್ರಿಕೆ ನಿಲ್ಲಿಸಿದ ಮೇಲೆ ಸ್ಟೋನ್ ಪ್ರಾಚೀನ ಗ್ರೀಕ್ ಭಾಷೆ ಕಲಿತರು. ಸಾಕ್ರೆಟಿಸ್‌ನ ವಿಚಾರಣೆಯ ಬಗ್ಗೆ ಅವರು ಬರೆದ ಪುಸ್ತಕ 1988ರಲ್ಲಿ ಬಂತು. ಮರುವರ್ಷ ಜೂನ್ 18ರಂದು ತೀರಿಕೊಂಡರು.

ನಮ್ಮ ಲ್ಯಾಬಿಗೆ

ಗ್ರಾಫ್ ನೇರ ಬರಲಿ ಅಂತ ಒಂದು ಬಿಂದುವನ್ನು ಸ್ವಲ್ಪ ಸರಿಸಿದವರು ನಮ್ಮಲ್ಲೂ ಇದ್ದೇವೆ, ಸುಳ್ಳು ಯಾಕೆ. ಉತ್ತರ ಮೊದಲೇ ಗೊತ್ತು, ರೀಡಿಂಗ್ ಅದಕ್ಕೆ ಹೊಂದಬೇಕು ಅನ್ನೋ ಆಸೆ. ಶ್ವೇತಪತ್ರ ಬರೆದವರಿಗೆ ಇದ್ದದ್ದೂ ಇಂಥದೇ ಆಸೆ. ಕೊರಿಯಾದ ಪುಸ್ತಕ ಬರೆಯುವಾಗ ಸ್ಟೋನ್ ಅವರನ್ನೂ ಅದು ಬಿಡಲಿಲ್ಲ. ನಾಳೆ ನಾವು ಸೇತುವೆಯ ತಪಾಸಣಾ ವರದಿಗೋ ಬ್ಯಾಟರಿಯ ಪರೀಕ್ಷಾ ವರದಿಗೋ ಸಹಿ ಹಾಕುವಾಗಲೂ ಆ ಆಸೆ ಪಕ್ಕದಲ್ಲೇ ಕೂತಿರುತ್ತೆ.

ಹಾಗಾಗಿ ಈ ವಾರಕ್ಕೊಂದು ಅಭ್ಯಾಸ. ಯಾವುದಾದರೂ ಸರ್ಕಾರಿ ವರದಿ ಅಥವಾ ಕಂಪನಿಯ ವಾರ್ಷಿಕ ವರದಿ ತೆಗೆದುಕೊಳ್ಳಿ. ಸಾರಾಂಶದ ಒಂದು ಅಂಕಿಗೆ ಗುರುತು ಹಾಕಿ, ಅದು ಹುಟ್ಟಿದ ಕೋಷ್ಟಕ ಹುಡುಕಿ, ನೀವೇ ಕೂಡಿ ನೋಡಿ. ಹೊಂದದಿದ್ದರೆ ಖುಷಿಯಿಂದ ಕೂಗಬೇಡಿ, ಇನ್ನೊಂದು ಮೀಟರ್ ಹುಡುಕಿ. ಆ ಅಂಕಿ ನಿಮಗೆ ಇಷ್ಟವಾದದ್ದಾಗಿದ್ದರೆ, ಎರಡು ಸಲ ಹುಡುಕಿ.