ಸಾಬಾ ಜೊತೆ ವಿಮಾನ ಹತ್ತುವ ಮುನ್ನ

ಮಗಾ,

ಮೊನ್ನೆ ಫೋನಿನಲ್ಲಿ ನಗುತ್ತಾ ಹೇಳಿದೆಯಲ್ಲ, "ಚಿಕ್ಕಮ್ಮ, ನಾನು ನೋಡ್ಕೊಳ್ಳೋ ಅಜ್ಜ, ಸಾಬಾ, ಮೊಮ್ಮಗಳ ಮದುವೆಗೆ ನ್ಯೂಯಾರ್ಕಿಗೆ ಹೊರಟಿದ್ದಾರೆ, ನನ್ನನ್ನೂ ಕರ್ಕೊಂಡು ಹೋಗ್ತಾರಂತೆ, ಹನ್ನೆರಡು ಗಂಟೆ ಕೂತು ಬರೋದು ತಾನೆ" ಅಂತ. ಆಗ ಒಲೆಯ ಮೇಲೆ ಹಾಲಿತ್ತು, ಮಾತು ಮುಂದುವರಿಸಲಿಲ್ಲ. ಕೂತು ಬರುವುದಷ್ಟೇ ಅಲ್ಲ. ಹದಿನಾಲ್ಕು ವರ್ಷ ಇಸ್ರೇಲಿನಲ್ಲಿ ಮುದುಕರನ್ನು ನೋಡಿಕೊಂಡವಳು ನಾನು. ಅವರ ಜೊತೆ ಐದಾರು ಸಲ ವಿಮಾನ ಹತ್ತಿದ್ದೇನೆ, ಎರಡು ಸಲ ಅತ್ತಿದ್ದೇನೆ. ನಮ್ಮ ಕುಂದಾಪುರ, ಉಡುಪಿ, ಮಂಗಳೂರು ಕಡೆಯಿಂದ ಇಸ್ರೇಲಿಗೆ ಈ ಕೆಲಸಕ್ಕೆ ಹೋದ ಎಷ್ಟೋ ಮಂದಿಗೆ ಮಾತ್ರೆ, ಇನ್ಸುಲಿನ್, ಡಯಾಪರ್ ಎಲ್ಲ ಚೆನ್ನಾಗಿ ಗೊತ್ತು. ಯಹೂದಿ ಶಾಸ್ತ್ರ ಕಟ್ಟುನಿಟ್ಟಾಗಿ ನಡೆಸುವ ಬ್ನೇ ಬ್ರಾಕ್‌ನ ಮುದುಕರನ್ನು ಮೂವತ್ತೈದು ಸಾವಿರ ಅಡಿ ಮೇಲೆ ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನು ಮಾತ್ರ ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ಮೊದಲು ಟಿಕೆಟಿನ ವಾರ ನೋಡು. ಅವರ ಮಗ ಬುಕ್ ಮಾಡುವ ಮೊದಲೇ ಬಾಯಿ ಬಿಡು. ಶುಕ್ರವಾರ ಬೇಡವೇ ಬೇಡ. ಬೆಳಗಿನ ಜಾವ ಐದಕ್ಕೆ ಇಳಿಯುತ್ತದೆ, ಸೂರ್ಯ ಮುಳುಗುವುದಕ್ಕೆ ಇಡೀ ದಿನ ಇದೆ ಅಂತ ಅವರು ಅನ್ನಬಹುದು. ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಸೂರ್ಯ ನಾಲ್ಕೂವರೆಗೇ ಮುಳುಗುತ್ತಾನೆ, ಅವರ ವಿಶ್ರಾಂತಿಯ ದಿನ ಶಬ್ಬತ್ತಿನ ದೀಪ ಹಚ್ಚುವುದು ಅದಕ್ಕೂ 18 ನಿಮಿಷ ಮುಂಚೆ. ಗುರುವಾರ ರಾತ್ರಿಯನ್ನೂ ಚಳಿಗಾಲದಲ್ಲಿ ನಂಬಬೇಡ. 2018ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಹಿಮ ಬಿದ್ದು, ಗುರುವಾರ ಸಂಜೆ ಟೆಲ್ ಅವಿವ್‌ಗೆ ಹೊರಡಬೇಕಿದ್ದ ವಿಮಾನ ಗಂಟೆಗಟ್ಟಲೆ ತಡವಾಯಿತು. ಒಳಗಿದ್ದ ಆಚಾರವಂತರಿಗೆ ಹೊಟ್ಟೆಯಲ್ಲಿ ಬೆಂಕಿ. ಕೊನೆಗೆ ಅದನ್ನು ಅಥೆನ್ಸ್‌ನಲ್ಲಿ ಇಳಿಸಿದರು, ಶಬ್ಬತ್ ಪಾಲಿಸುವವರು ಶುಕ್ರವಾರ ಸಂಜೆಯೊಳಗೆ ಗ್ರೀಸಿನ ನೆಲ ಮುಟ್ಟಿದರು. ಇಸ್ರೇಲಿನ ಎಲ್ ಆಲ್ ಕಂಪನಿ 1982ರಿಂದ ಶಬ್ಬತ್ ದಿನ ಹಾರುವುದಿಲ್ಲ, ಅದು ಸರಿ. ಆದರೆ ಹೊರಟ ವಿಮಾನ ತಡವಾಗುವುದನ್ನು ಯಾರು ತಡೆದಾರು?

ಸಾಬಾಗೆ ನೀನು ಹೊಸದೇನನ್ನೂ ಹೇಳಿದಂತಾಗುವುದಿಲ್ಲ. ಹಡಗು ಹತ್ತುವುದಾದರೆ ಶಬ್ಬತ್ತಿಗೆ ಮೂರು ದಿನ ಇರುವಾಗಲೇ ಹತ್ತಬೇಕು ಅನ್ನುವ ಮಾತು ಅವರ ಧರ್ಮಗ್ರಂಥ ತಾಲ್ಮುದ್‌ನಲ್ಲೇ ಇದೆ. ಸಮುದ್ರದಲ್ಲಿ ಮೊದಲ ಮೂರು ದಿನ ಹೊಟ್ಟೆ ತೊಳಸುತ್ತದೆ, ಶಬ್ಬತ್ತಿನ ಸುಖ ಕೆಡುತ್ತದೆ ಅನ್ನುವುದು ಅದಕ್ಕೆ ಕೊಡುವ ಒಂದು ಕಾರಣ. ಎಂಬತ್ತು ದಾಟಿದ ದೇಹಕ್ಕೆ ಏಳು ಗಂಟೆಯ ಸಮಯದ ವ್ಯತ್ಯಾಸವೂ ಅಂಥದ್ದೇ, ಮೂರು ದಿನ ಬೇಕೇ ಬೇಕು. ಭಾನುವಾರ ಇಲ್ಲವೇ ಸೋಮವಾರ ಹೊರಡಿಸು.

ಇಷ್ಟೆಲ್ಲ ಮಾಡಿಯೂ ಸಿಕ್ಕಿಬಿದ್ದರೆ? ನೆಲಕ್ಕಿಳಿಯುವಾಗ ಕತ್ತಲಾಗಿದ್ದರೆ ಅವರು ಕಾರು ಹತ್ತುವುದಿಲ್ಲ, ದುಡ್ಡು, ಪೆನ್ನು ಮುಟ್ಟುವುದಿಲ್ಲ. ಶಬ್ಬತ್ ಶುರುವಾದಾಗ ಇದ್ದ ಜಾಗದಿಂದ ಎರಡು ಸಾವಿರ ಮೊಳ, ಅಂದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರು, ಅದಕ್ಕಿಂತ ಆಚೆ ಹೋಗುವ ಹಾಗಿಲ್ಲ. ವಿಮಾನದೊಳಗೆ ಕೂತವನ "ಜಾಗ" ಯಾವುದು ಅನ್ನುವುದೇ ದೊಡ್ಡ ಚರ್ಚೆ. ನೆಲದಿಂದ ಹತ್ತು ಮುಷ್ಟಿ ಎತ್ತರಕ್ಕಿಂತ ಮೇಲೆ ಈ ಗಡಿ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ತಾಲ್ಮುದ್ ಪಂಡಿತರು ಕೇಳಿಕೊಂಡು, ತೀರ್ಮಾನವಾಗದೆ ಬಿಟ್ಟುಬಿಟ್ಟಿದ್ದಾರೆ. ಹತ್ತು ಮುಷ್ಟಿ ಅಂದರೆ ನಿನ್ನ ಸೊಂಟದ ಮಟ್ಟ! ನೀನು ಅದರಲ್ಲಿ ತಲೆ ಹಾಕಬೇಡ. ಹೊರಡುವ ಮೊದಲೇ ಅವರ ಧರ್ಮಗುರು ರಬ್ಬಿಗೆ ಫೋನ್ ಮಾಡಿಸಿ, "ಹೀಗಾದರೆ ಏನು, ಹಾಗಾದರೆ ಏನು" ಅಂತ ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೋ. ಶಬ್ಬತ್ ಶುರುವಾದ ಮೇಲೆ ರಬ್ಬಿ ಫೋನ್ ಎತ್ತುವುದಿಲ್ಲ, ನೆನಪಿರಲಿ. ಪಾಸ್‌ಪೋರ್ಟು, ಮದ್ದಿನ ಚೀಲ, ಕ್ರೆಡಿಟ್ ಕಾರ್ಡು ಮೊದಲಿನಿಂದಲೇ ನಿನ್ನ ಹತ್ತಿರ ಇರಲಿ.

ಇನ್ನೊಂದು. ಶಬ್ಬತ್ ದಿನ ಅವರು ನಿನಗೆ "ಲೈಟು ಹಾಕು" ಅಂತ ನೇರವಾಗಿ ಹೇಳುವುದಿಲ್ಲ. ತಾವು ಮಾಡಬಾರದ್ದನ್ನು ಬೇರೆಯವರಿಗೆ ಹೇಳಿ ಮಾಡಿಸುವುದೂ ಅವರಿಗೆ ತಪ್ಪು. "ಇಲ್ಲಿ ಬಹಳ ಕತ್ತಲೆ ಅಲ್ವಾ" ಅನ್ನುತ್ತಾರೆ. ಅಷ್ಟಕ್ಕೇ ಅರ್ಥ ಮಾಡಿಕೊಳ್ಳಬೇಕು. ನಮ್ಮ ಮನೆಯಲ್ಲೂ ಹಿರಿಯರು ಕಾಫಿ ಬೇಕಾದರೆ "ಹಾಲು ಬಂತಾ" ಅಂತ ಕೇಳುತ್ತಾರಲ್ಲ, ಹಾಗೆ. ಆದರೆ ಎದೆ ನೋವು, ಉಸಿರಾಟದ ತೊಂದರೆ, ಸಕ್ಕರೆ ಇಳಿದದ್ದು, ಇವು ಬಂದಾಗ ಶಬ್ಬತ್ತೂ ಇಲ್ಲ, ಸೂಚನೆಯೂ ಇಲ್ಲ. ಜೀವಕ್ಕೆ ಅಪಾಯ ಅಂದಾಗ ಅವರ ಶಾಸ್ತ್ರವೇ ಶಬ್ಬತ್ತನ್ನು ಬದಿಗೆ ಸರಿಸುತ್ತದೆ; ಯಾರನ್ನೂ ಕೇಳುತ್ತಾ ನಿಲ್ಲಬಾರದು ಅಂತಲೂ ಅದೇ ಶಾಸ್ತ್ರ ಹೇಳುತ್ತದೆ. ಸಾಬಾ ಬೇಡ ಅಂದರೂ ನೀನು ಗಂಟೆ ಒತ್ತು.

ಸೆಕ್ಯುರಿಟಿ ವಿಚಾರ. ಅವರ ತೆಫಿಲ್ಲಿನ್ ನೋಡಿದ್ದೀಯಲ್ಲ, ಬೆಳಗ್ಗೆ ಹಣೆಗೂ ಎಡಗೈಗೂ ಕಟ್ಟಿಕೊಳ್ಳುವ ಕಪ್ಪು ಚರ್ಮದ ಪೆಟ್ಟಿಗೆಗಳು, ಉದ್ದದ ಪಟ್ಟಿ. ಗೊತ್ತಿಲ್ಲದವರ ಕಣ್ಣಿಗೆ ಅದು ತಂತಿ ಸುತ್ತಿದ ಡಬ್ಬಿ. 2010ರ ಜನವರಿಯಲ್ಲಿ ನ್ಯೂಯಾರ್ಕಿನಿಂದ ಲೂಯಿವಿಲ್‌ಗೆ ಹೊರಟ ಸಣ್ಣ ವಿಮಾನದಲ್ಲಿ ಹದಿನೇಳರ ಹುಡುಗನೊಬ್ಬ ತೆಫಿಲ್ಲಿನ್ ಕಟ್ಟಿಕೊಂಡು ಪ್ರಾರ್ಥನೆಗೆ ಕೂತ. ಬಾಂಬ್ ಅಂತ ಹೆದರಿ ವಿಮಾನವನ್ನೇ ಫಿಲಡೆಲ್ಫಿಯಾದಲ್ಲಿ ಇಳಿಸಿದರು. ಬೆನ್ ಗುರಿಯನ್ ವಿಮಾನ ನಿಲ್ದಾಣದಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಆದರೆ ಬರುವಾಗ ಬೇರೆ ಕಂಪನಿಯ ವಿಮಾನವಾದರೆ ಗಗನಸಖಿಗೆ ಮೊದಲೇ ಎರಡು ಮಾತು ಹೇಳಿಡು. ಆ ಚೀಲವನ್ನು ಚೆಕ್-ಇನ್ ಬ್ಯಾಗಿಗೆ ಹಾಕಲೇಬೇಡ, ಕಾಲ ಬುಡದಲ್ಲಿಡಬೇಡ. ಸಾಬಾ ಟಾಯ್ಲೆಟ್ಟಿಗೆ ಹೋಗುವಾಗ ಅದು ನಿನ್ನ ಮಡಿಲಲ್ಲಿರಲಿ.

ಯಾವಾಗ ಕಟ್ಟಿಕೊಳ್ಳುವುದು ಅನ್ನುವುದೇ ದೊಡ್ಡ ಲೆಕ್ಕ. ದಿನಕ್ಕೆ ಮೂರು ಪ್ರಾರ್ಥನೆ: ಬೆಳಗ್ಗೆ ಶಖರಿತ್, ಮಧ್ಯಾಹ್ನ ಮಿನ್ಖಾ, ರಾತ್ರಿ ಮಾರಿವ್. ಗಡಿಯಾರಕ್ಕಲ್ಲ, ಸೂರ್ಯನಿಗೆ ಅಂಟಿಕೊಂಡ ಹೊತ್ತು ಅದು. ಟೆಲ್ ಅವಿವ್‌ನಿಂದ ನಡುರಾತ್ರಿಗೆ ಹೊರಟರೆ ಪಶ್ಚಿಮಕ್ಕೆ ಓಡುತ್ತೀರಿ, ಕತ್ತಲೆ ನಿಮ್ಮ ಜೊತೆಗೇ ಬರುತ್ತದೆ. ಹನ್ನೆರಡು ಗಂಟೆ ಕಳೆದು ಇಳಿದರೂ ಅಲ್ಲಿ ಬೆಳಕು ಹರಿದಿರುವುದಿಲ್ಲ. ಆಗ ಗಾಬರಿ ಬೇಡ, ಇಳಿದ ಮೇಲೆಯೇ ಪ್ರಾರ್ಥನೆ. ವಾಪಸ್ ಬರುವಾಗ ಉಲ್ಟಾ. ಸಂಜೆ ಹೊರಟ ವಿಮಾನಕ್ಕೆ ಎದುರಿನಿಂದ ಸೂರ್ಯ ಬರುತ್ತಾನೆ, ಊಟ ಮುಗಿಸಿ ಕಣ್ಣು ಮುಚ್ಚುವಷ್ಟರಲ್ಲಿ ಬೆಳಗು. ಕಿಟಕಿ ಪರದೆ ಎಲ್ಲ ಇಳಿಸಿರುತ್ತಾರೆ, ಹೊರಗೆ ಬೆಳಕಾದದ್ದು ಗೊತ್ತೇ ಆಗುವುದಿಲ್ಲ. ನಾಲ್ಕು ಮೊಳ ದೂರದಲ್ಲಿರುವ ಪರಿಚಯದವನ ಗುರುತು ಹತ್ತುವಷ್ಟು ಬೆಳಕಾದ ಮೇಲೆ ತೆಫಿಲ್ಲಿನ್ ಕಟ್ಟಬಹುದು ಅಂತ ಅವರ ಅಳತೆ. ಹಾಗಾಗಿ ಕಿಟಕಿ ಸೀಟು ನಿನಗೆ, ಪಕ್ಕದ್ದು ಅವರಿಗೆ. ನೀನು ಪರದೆ ಒಂದು ಬೆರಳು ಎತ್ತಿ ನೋಡಿ ಎಬ್ಬಿಸು.

ಈ ಸೂರ್ಯನ ಲೆಕ್ಕ ಇನ್ನೂ ಮೇಲೆ ಹೋದರೆ ಏನಾಗುತ್ತದೆ ಅಂತ ಸಾಬಾನೇ ನಿನಗೆ ಹೇಳಿಯಾರು. ಇಲಾನ್ ರಾಮೋನ್ ಹೆಸರು ಅಲ್ಲಿ ಪ್ರತಿ ಮನೆಗೂ ಗೊತ್ತು. 2003ರ ಜನವರಿ 16ರಂದು ಕೊಲಂಬಿಯಾ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಇಸ್ರೇಲಿ. ಅಷ್ಟೇನೂ ಆಚಾರ ಇಟ್ಟುಕೊಂಡವನಲ್ಲ, ಆದರೂ ತನ್ನ ಜನರ ಪರವಾಗಿ ಹೋಗುತ್ತಿದ್ದೇನೆ ಅಂತ ಶಾಸ್ತ್ರಕ್ಕೆ ಒಪ್ಪುವ ಕೋಷರ್ ಊಟ ಕೇಳಿ ತೆಗೆದುಕೊಂಡ, ಶಬ್ಬತ್ ಯಾವಾಗ ಅಂತ ಫ್ಲಾರಿಡಾದ ರಬ್ಬಿಯೊಬ್ಬರನ್ನು ಕೇಳಿದ. ಅಲ್ಲಿ ತೊಂಬತ್ತು ನಿಮಿಷಕ್ಕೊಂದು ಹಗಲು ರಾತ್ರಿ. ಸೂರ್ಯನನ್ನು ನಂಬಿದರೆ ಹತ್ತೂವರೆ ಗಂಟೆಗೊಂದು ಶಬ್ಬತ್! ಹಾರಿದ ಊರಿನ, ಕೇಪ್ ಕೆನವೆರಲ್‌ನ ಗಡಿಯಾರ ನೋಡು ಅಂತ ಉತ್ತರ ಬಂತು. ಬರ್ಗೆನ್-ಬೆಲ್ಸನ್ ಶಿಬಿರದಲ್ಲಿ ಬದುಕುಳಿದವರೊಬ್ಬರು ಕಾಪಾಡಿಕೊಂಡು ಬಂದಿದ್ದ ಪುಟ್ಟ ತೋರಾ ಸುರುಳಿಯನ್ನೂ ಒಯ್ದಿದ್ದ. ಫೆಬ್ರವರಿ 1ರಂದು ಮರಳುವಾಗ ನೌಕೆ ಚೂರುಚೂರಾಯಿತು. ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ಅವನ ಮಾತು ಬಂದಾಗಲೆಲ್ಲ ಟಿವಿ ಆರಿಸಲು ಹೇಳುತ್ತಿದ್ದಳು.

ಪ್ರಾರ್ಥನೆಗೆ ಎದ್ದು ನಿಲ್ಲುವ ಹಟ ಹಿಡಿದರೆ ಏನು ಮಾಡುತ್ತೀ? ಸೊಂಟಕ್ಕೆ ಶಸ್ತ್ರಚಿಕಿತ್ಸೆ ಆದವರು, ವಿಮಾನ ಕುಲುಕಿದರೆ ಮುಗಿಯಿತು. ಜಗಳ ಆಡಬೇಡ, ಅವರ ಪುಸ್ತಕದಿಂದಲೇ ಮಾತಾಡು. ಸುಮಾರು 1,800 ವರ್ಷದ ಹಿಂದೆ ಸಂಗ್ರಹವಾದ ಮಿಶ್ನಾದಲ್ಲಿ ಕತ್ತೆಯ ಮೇಲೆ ಹೋಗುವವನ ವಿಚಾರ ಇದೆ: ಇಳಿಯಲಾಗದಿದ್ದರೆ ಮುಖ ತಿರುಗಿಸಲಿ, ಅದೂ ಆಗದಿದ್ದರೆ ಮನಸ್ಸನ್ನು ಜೆರುಸಲೇಮಿನ ಕಡೆ ತಿರುಗಿಸಲಿ. ದೋಣಿಯಲ್ಲಿ, ಗಾಡಿಯಲ್ಲಿ, ತೆಪ್ಪದಲ್ಲಿ ಕೂತವನಿಗೂ ಅದೇ ಮಾತು. ಕತ್ತೆಗೂ ತೆಪ್ಪಕ್ಕೂ ಒಪ್ಪಿದ್ದು ಸೀಟ್ ಬೆಲ್ಟಿಗೆ ಒಪ್ಪುವುದಿಲ್ಲವೇ? ಹಿಂದಿನ ಗ್ಯಾಲಿ ಹತ್ತಿರ ಹತ್ತು ಗಂಡಸರು ಸೇರಿ ಮಿನ್ಯಾನ್ ಮಾಡುತ್ತಾರೆ, ಅವರೂ ಬರಬೇಕು ಅನ್ನಬಹುದು. ಆಗ ಜೆರುಸಲೇಮಿನ ರಬ್ಬಿ ಶ್ಲೊಮೊ ಜಲ್ಮನ್ ಔಯರ್ಬಾಖ್, ಅಮೆರಿಕದ ರಬ್ಬಿ ಮೋಶೆ ಫೈನ್‌ಸ್ಟೈನ್ ಇಬ್ಬರ ಹೆಸರು ಮೆಲ್ಲಗೆ ತೆಗೆ. ದಾರಿಗೆ ಅಡ್ಡ ನಿಂತು ಬೇರೆಯವರಿಗೆ ತೊಂದರೆ ಕೊಡುವುದಕ್ಕಿಂತ ತನ್ನ ಸೀಟಿನಲ್ಲೇ ಕೂತು ಪ್ರಾರ್ಥಿಸುವುದು ಮೇಲು ಅಂತ ಹೇಳಿದ ದೊಡ್ಡವರು. ಮಲಗಿದವರನ್ನು ಎಬ್ಬಿಸುವುದಕ್ಕೆ ಅವರಲ್ಲಿ ನಿದ್ದೆಯ ಕಳವು ಅಂತಲೇ ಹೆಸರಿದೆ. ನನಗೆ ಅವರ ಶಾಸ್ತ್ರದಲ್ಲಿ ಬಹಳ ಹಿಡಿಸಿದ ಮಾತು ಇದು. ನಮ್ಮೂರ ಮೈಕಿನವರಿಗೂ ಯಾರಾದರೂ ಹೇಳಬಾರದೇ ಅನ್ನಿಸುತ್ತಿತ್ತು.

ಈಗ ಊಟ. ಎಲ್ ಆಲ್ ಬಿಟ್ಟು ಬೇರೆ ಕಂಪನಿಯಾದರೆ ಕೋಷರ್ ಊಟ ತಾನಾಗಿ ಬರುವುದಿಲ್ಲ, ಎರಡು ದಿನ ಮೊದಲೇ ಹೇಳಿರಬೇಕು. ಟಿಕೆಟಿನಲ್ಲಿ ಕೆಎಸ್‌ಎಂಎಲ್ ಅಂತ ಅಕ್ಷರ ಬಂದಿದೆಯಾ ನೋಡು, ಹೋಗುವುದಕ್ಕೂ ಬರುವುದಕ್ಕೂ. ವಿಮಾನದ ಒಲೆ ಎಲ್ಲರ ಊಟ ಬಿಸಿ ಮಾಡುವ ಒಲೆ. ಅದಕ್ಕೇ ಕೋಷರ್ ಊಟವನ್ನು ಎರಡು ಪದರ ಸುತ್ತಿ ಮುದ್ರೆ ಹಾಕಿ ಕಳಿಸುತ್ತಾರೆ. ಮುದ್ರೆ ಒಡೆಯದೆ ಬಿಸಿಯಾಗಬೇಕು, ಒಡೆಯದೆ ಸಾಬಾ ಮುಂದೆ ಬರಬೇಕು. ನನಗೆ ಒಮ್ಮೆ ಆದದ್ದು ಕೇಳು. ಒಂದು ವಿಮಾನದಲ್ಲಿ ಒಳ್ಳೆಯ ಹುಡುಗಿಯೊಬ್ಬಳು, ಅಜ್ಜನ ಕೈ ನಡುಗುತ್ತದೆ ಅಂತ ಕನಿಕರಪಟ್ಟು ಫಾಯಿಲ್ ಎಲ್ಲ ಬಿಚ್ಚಿ, ಚೆನ್ನಾಗಿ ಬಿಸಿ ಮಾಡಿ, ತಟ್ಟೆಯಲ್ಲಿ ಹಾಕಿ ತಂದಳು. ಅಜ್ಜ "ತೋದಾ", ಥ್ಯಾಂಕ್ಸ್, ಅಂತ ಕೈ ಮುಗಿದು ತಟ್ಟೆ ಪಕ್ಕಕ್ಕಿಟ್ಟರು. ಅವಳಿಗೆ ಒಂದು ಮಾತು ಅನ್ನಲಿಲ್ಲ, ನನಗೂ ಅನ್ನಲು ಬಿಡಲಿಲ್ಲ. ಹತ್ತು ಗಂಟೆ ಖರ್ಜೂರ, ಒಂದು ಸೇಬು. ತಪ್ಪು ನನ್ನದು, ಅವಳಿಗೆ ಮೊದಲೇ ಹೇಳಬೇಕಿತ್ತು.

ಹಾಗಾಗಿ ನಿನ್ನ ಕೈಚೀಲದಲ್ಲಿ ಅವರ ಮನೆಯಿಂದಲೇ ಕಟ್ಟಿಸಿಕೊಂಡ ಬುತ್ತಿ ಇರಲಿ. ನಮ್ಮಜ್ಜಿ ಕಾಶಿಗೆ ಹೋಗುವಾಗ ಅವಲಕ್ಕಿ ಗಂಟು ತಲೆದಿಂಬಿಗೆ ಇಟ್ಟುಕೊಂಡಿದ್ದಳಂತೆ, ಹಾಗೆ. ಊಟ ಬಾರದಿದ್ದರೆ "ವೆಜ್ ಇದೆ, ಪರವಾಗಿಲ್ಲ" ಅನ್ನಬೇಡ. ಸಸ್ಯಾಹಾರ ಅಂದಮಾತ್ರಕ್ಕೆ ಕೋಷರ್ ಆಗುವುದಿಲ್ಲ, ಪಾತ್ರೆಯೂ ಚೀಸೂ ವೈನೂ ಲೆಕ್ಕಕ್ಕೆ ಬರುತ್ತವೆ. ಸಿಪ್ಪೆ ಇರುವ ಬಾಳೆಹಣ್ಣು ಯಾವ ಕಾಲಕ್ಕೂ ಸುರಕ್ಷಿತ. ವೈನ್ ಬಾಟಲಿ ಬಂದರೆ ನೀನು ತೆರೆದು ಬಗ್ಗಿಸಬೇಡ. ಕಾಯಿಸಿದ ವೈನ್ ಆದರೆ ಯಾರು ಬಗ್ಗಿಸಿದರೂ ನಡೆಯುತ್ತದೆ, ಕಾಯಿಸದ್ದಾದರೆ ನಮ್ಮಂಥವರ ಕೈ ತಾಗಬಾರದು. ಬೇಸರ ಮಾಡಿಕೊಳ್ಳಬೇಡ, ಮಡಿಯ ಮನೆಯಲ್ಲಿ ಬೆಳೆದವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ರಾತ್ರಿ ಟ್ರೇಯಲ್ಲಿ ಕೋಳಿ ತಿಂದರೆ ಗಂಟೆ ಬರೆದಿಟ್ಟುಕೋ. ಆರು ಗಂಟೆ ಹಾಲು ಮೊಸರು ಇಲ್ಲ. ಬೆಳಗಿನ ಟ್ರೇಯಲ್ಲಿ ಚೀಸ್ ಇರುತ್ತದೆ, ಹಸಿವಿನಲ್ಲಿ ಅವರಿಗೆ ಮರೆತುಹೋಗುತ್ತದೆ. ಕರಿ ಕಾಫಿ ಕೊಡು.

ಬ್ರೆಡ್ಡಿಗೆ ಮೊದಲು ಕೈ ತೊಳೆಯುವ ಕ್ರಮ ಇದೆ, ಪಾತ್ರೆಯಿಂದ ನೀರು ಸುರಿದುಕೊಂಡು. ಟಾಯ್ಲೆಟ್ಟಿನವರೆಗೆ ನಡೆಸಬೇಡ. ಒಂದು ಲೋಟ, ಒಂದು ಬಾಟಲಿ ನೀರು, ಕೆಳಗೆ ಹಿಡಿಯಲು ಒಂದು ಡಬ್ಬಿ, ಸೀಟಿನಲ್ಲೇ ಆಗುತ್ತದೆ. ಟ್ರೇಯ ಬನ್ ಮೇಲೆ "ಮೆಜೊನೊತ್" ಅಂತ ಬರೆದಿರಬಹುದು. ಹಣ್ಣಿನ ರಸದಲ್ಲಿ ಕಲಸಿದ್ದು, ಕೈ ತೊಳೆಯಬೇಕಿಲ್ಲ ಅನ್ನುವ ಅರ್ಥದಲ್ಲಿ. ಅದನ್ನೇ ಹೊಟ್ಟೆ ತುಂಬ ಊಟದ ಹಾಗೆ ತಿಂದರೆ ತೊಳೆಯಲೇಬೇಕು ಅನ್ನುವ ರಬ್ಬಿಗಳು ಬಹಳ. ಲೋಟ ಹೇಗೂ ಇರಲಿ.

ಸಾಬಾ ಕೊಹೆನ್ ಮನೆತನದವರಾ, ಒಮ್ಮೆ ಕೇಳು. ಹಳೆಯ ಪುರೋಹಿತ ವಂಶದವರಿಗೆ ಹೆಣದ ಸೂತಕ ತಾಗಬಾರದು, ಸ್ಮಶಾನದ ಮೇಲೆ ಹಾರುವುದೂ ಕೆಲವರಿಗೆ ಸಮಸ್ಯೆ. ಟೆಲ್ ಅವಿವ್ ಪಕ್ಕದ ಹೋಲೋನ್ ಸ್ಮಶಾನದ ಮೇಲೆ ವಿಮಾನ ಹೋಗುತ್ತದೆ ಅಂತ ದೊಡ್ಡ ಗಲಾಟೆಯೇ ಆಗಿತ್ತು. 2013ರಲ್ಲಿ ಒಬ್ಬರು ವಿಮಾನದೊಳಗೆ ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಕೂತ ಫೋಟೋ ಜಗತ್ತೆಲ್ಲ ತಿರುಗಿತು, ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಉಸಿರು ಹೇಗೆ ಆಡುತ್ತಾರಪ್ಪ ಅಂತ ಅದೇ ಚಿಂತೆ. ನಿನ್ನ ಸಾಬಾ ಅಂಥದ್ದೇನಾದರೂ ಹೇಳಿದರೆ ಮತ್ತೆ ರಬ್ಬಿಗೇ ಫೋನ್.

ಇಳಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಸಮುದ್ರ ದಾಟಿದವರು, ಮರುಭೂಮಿ ದಾಟಿದವರು, ಕಾಯಿಲೆಯಿಂದ ಎದ್ದವರು, ಸೆರೆಯಿಂದ ಬಿಟ್ಟವರು, ಈ ನಾಲ್ವರು ಹತ್ತು ಜನರ ಎದುರು ದೇವರಿಗೆ ಕೃತಜ್ಞತೆ ಹೇಳಬೇಕು. ಹಗೊಮೆಲ್ ಅಂತ ಅದರ ಹೆಸರು. ವಿಮಾನಕ್ಕೂ ಬೇಕು ಅಂತ ಫೈನ್‌ಸ್ಟೈನ್ ಹೇಳಿದ್ದಾರೆ, ಬೇಡ ಅನ್ನುವವರೂ ಇದ್ದಾರೆ, ಸಮುದ್ರ ದಾಟಿದರೆ ಮಾತ್ರ ಅನ್ನುವವರೂ ಇದ್ದಾರೆ. ನೀವು ಅಟ್ಲಾಂಟಿಕ್ ದಾಟುತ್ತೀರಿ, ಸಾಬಾ ಹೇಳಿಯೇ ಹೇಳುತ್ತಾರೆ. ಮೂರು ದಿನದೊಳಗಾದರೆ ಒಳ್ಳೆಯದು. ನ್ಯೂಯಾರ್ಕಿನಲ್ಲಿ ಮಗನ ಮನೆಗೆ ಹತ್ತಿರದ ಸಿನಗಾಗಿಗೆ ಮೆಟ್ಟಿಲಿದೆಯಾ, ವ್ಹೀಲ್‌ಚೇರ್ ಹೋಗುತ್ತದೆಯಾ ಅಂತ ಈಗಲೇ ಕೇಳಿಡು.

ಇಷ್ಟೆಲ್ಲ ಅವರದ್ದಾಯಿತು. ನಿನ್ನ ಇಂಟರ್‌ವೀಸಾ ಮಾಡಿಸಿದೆಯಾ? ಅದಿಲ್ಲದೆ ಹೊರಗೆ ಹೋದರೆ ಸಾಬಾ ಒಬ್ಬರೇ ಬ್ನೇ ಬ್ರಾಕ್‌ಗೆ ವಾಪಸ್, ನೀನು ಕುಂದಾಪುರಕ್ಕೆ. ನಾಳೆಯೇ ಹೋಗಿ ಕೇಳು. ತಾರೀಕು ಗೊತ್ತಾದ ಕೂಡಲೇ ಫೋನ್ ಮಾಡು, ಆದರೆ ಬೆಳಗ್ಗೆ ಹಾಲು ಕಾಯಿಸುವ ಹೊತ್ತಿಗಲ್ಲ.

ನಿನ್ನ ಚಿಕ್ಕಮ್ಮ